ಅಂಗೈ ಅಗಲದ ರೋಬೋ, ಮನೆತುಂಬ ಜಗಳ

ಗಂಗಾವತಿ ಕಡೆಯ ಯುವಕ. ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ. ಹೆಂಡತಿ, ಎರಡು ವರ್ಷದ ಮಗ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಮಂಜು ಎಂದು ಕರೆಯೋಣ. ಕೊಪ್ಪಳದ ನನ್ನ ಆಪ್ತಸಮಾಲೋಚನೆ ಕೊಠಡಿಗೆ ಅವರನ್ನು ಕರೆತಂದದ್ದು ಹೆಂಡತಿಯೇ. "ನಾಲ್ಕೂವರೆ ಸಾವಿರ ಕೊಟ್ಟು ಆಟಿಕಿ ತರಿಸ್ಯಾರ. ಮಗ ಮುಟ್ಟಿದ್ರ ಒದರ್ತಾರ. ಆಟಿಕಿ ಯಾರಿಗ್ರೀ ಮೇಡಂ?" ಎಂದು ಕೇಳಿದರು. ಪಾರ್ಸೆಲ್ ಬಂದದ್ದು ಗಿರಣಿಯ ವಿಳಾಸಕ್ಕೆ ಎಂಬುದು ಅವರಿಗೆ ಇನ್ನೂ ಜಾಸ್ತಿ ನೋವು ಕೊಟ್ಟಿತ್ತು.

ಮಂಜು ಮಾತೇ ಆಡಲಿಲ್ಲ. ಮುಂದಿನ ಸಲ ಆ ರೋಬೋವನ್ನೇ ತನ್ನಿ ಎಂದೆ. ತಂದರು. ಚೆನ್ನಾಗಿದೆಯೋ ಇಲ್ಲವೋ, ಹೆಂಡತಿಗೆ ಅರ್ಥವಾಗುವ ಹಾಗೆ ಹೇಳಿ ಎಂದು ಕೇಳಿದೆ.

ಆಮೇಲೆ ಅವರು ಮಾತಾಡಿದ ರೀತಿ ನನಗೆ ತುಂಬಾ ಇಷ್ಟವಾಯಿತು. ಟ್ರಾನ್ಸ್‌ಫಾರ್ಮರ್ಸ್ ಅಂದರೆ ಮಡಚಿದರೆ ಗಾಡಿಯಾಗುವ ರೋಬೋಗಳು. ಆ ಆಟಿಕೆಗಳನ್ನು ಹ್ಯಾಸ್ಬ್ರೋ ಕಂಪನಿ ಮಾರಲು ಶುರು ಮಾಡಿದ್ದು 1984ರಲ್ಲಿ. ಮೂಲ ಅಚ್ಚುಗಳು ಹೆಚ್ಚಾಗಿ ಜಪಾನಿನ ತಕಾರಾ ಕಂಪನಿಯ ಡಯಾಕ್ಲೋನ್, ಮೈಕ್ರೋಮ್ಯಾನ್ ಆಟಿಕೆಗಳದ್ದು. ಮಂಜು ತರಿಸಿದ್ದು ಥರ್ಡ್ ಪಾರ್ಟಿಯದು, ಅಂದರೆ ಲೈಸೆನ್ಸ್ ಇಲ್ಲದ ಬೇರೆ ತಯಾರಕರದು. ಅವರು ಅದೇ ಪಾತ್ರಗಳಿಗೆ ತಮ್ಮದೇ ಹೊಸ ಅಚ್ಚು ಮಾಡಿ, ಬೇರೆ ಹೆಸರಿಟ್ಟು, ದೊಡ್ಡವರಿಗೆ ಮಾರುತ್ತಾರೆ. ಬೇರೆಯವರ ಅಚ್ಚನ್ನೇ ಕದ್ದು ಮಾಡಿದ ನಕಲು ಮಾಲು ಬೇರೆ, ಇದು ಬೇರೆ.

ಮಂಜು ತಂದದ್ದು ಲಾರಿಯಾಗಿ ಬದಲಾಗುವ ರೋಬೋ, ಹೆಚ್ಚೂಕಡಿಮೆ 12 ಸೆಂ.ಮೀ. ಎತ್ತರ. ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನಿನ ರೂಪವನ್ನು ಹಾಗೇ ಇಳಿಸಿಲ್ಲ. ಭುಜ ಅಗಲ, ಸೊಂಟ ಸಪೂರ, ಹೆಗಲ ಮೇಲೆ ಚೂಪು ರೆಕ್ಕೆ. "ಇಂಥದ್ದರಲ್ಲಿ ಹೋಲಿಕೆ ಹುಡುಕಬಾರದು. ದೂರದಿಂದ ನೋಡಿದರೂ ಯಾರೆಂದು ಗೊತ್ತಾದರೆ ಸಾಕು" ಎಂದರು. ಒಂದು ಕಾಲಿನ ಮೇಲೆ ನಿಲ್ಲಿಸಿ ತೋರಿಸಿದರು. ನಿಂತಿತು. ಕೈಗೆ ಬಂದೂಕು ಕೊಟ್ಟಾಗ ಮೊಣಕೈ ಕೆಳಗೆ ಜಾರಿತು. ಇಷ್ಟು ಸಣ್ಣ ಕೈಯಲ್ಲಿ ಕಟಕಟ ಎಂದು ಹಂತಹಂತವಾಗಿ ನಿಲ್ಲುವ ಹಲ್ಲಿನ ಕೀಲು ಕೂರಿಸುವುದು ಕಷ್ಟ. ಅದಕ್ಕೇ ಕುಳಿಯೊಳಗೆ ಉಂಡೆ ತಿರುಗುವ ಕೀಲು, ಬರೀ ಬಿಗಿತದ ಮೇಲೆ ನಿಲ್ಲುವ ಕೀಲು ಹಾಕುತ್ತಾರೆ. ಅವು ಬರ್ತಾ ಬರ್ತಾ ಸಡಿಲವಾಗುತ್ತವೆ. ಆ ಉಂಡೆಗೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಬಳಿದು, ಪೂರ್ತಿ ಒಣಗಿದ ಮೇಲೆ ಜೋಡಿಸಿದರೆ ಬಿಗಿ ಬರುತ್ತದಂತೆ. ಬಿಗಿಯಾಗಿ ಕಚ್ಚಿಕೊಂಡ ಕೀಲಿಗೆ ಒಂದು ಹನಿ ಸಿಲಿಕೋನ್ ಎಣ್ಣೆ ಬೇಕು, ಬಲ ಹಾಕಬಾರದು. ಬಲ ಹಾಕಿದ ಕಡೆ ಪ್ಲಾಸ್ಟಿಕ್ ಬೆಳ್ಳಗಾಗುತ್ತದೆ, ಅದು ಬಿರುಕಿನ ಮುನ್ಸೂಚನೆ. ಎದೆಯ ಹಲಗೆಯ ಹತ್ತಿರ ಅಂಥದೊಂದು ಬಿಳಿ ಗೆರೆ ತೋರಿಸಿದರು. ಲಾರಿ ಮಾಡಿದಾಗ ಹಲಗೆಗಳು ಕೂಡಿಕೊಳ್ಳಲಿಲ್ಲ, ಸಂದು ಕಾಣುತ್ತಿತ್ತು. ಒಂದಕ್ಕೊಂದು ಉಜ್ಜಿ ಅಂಚಿನ ಬಣ್ಣವೂ ಹೋಗಿತ್ತು. ಒಳ್ಳೆಯದೂ ಹೇಳಿದರು: ಬಂದೂಕು ಬಿಟ್ಟರೆ ಯಾವ ಭಾಗವನ್ನೂ ಕಳಚಿ ಹಾಕಬೇಕಾಗಿಲ್ಲ.

"ನಿಲುವು ಚಂದ, ಲಾರಿ ಸುಮಾರು. ಮೂರು ಸಾವಿರದ ಮಾಲು" ಎಂದರು. ಹೆಂಡತಿ ಕೂಡಲೇ ಕೇಳಿದರು: "ಮತ್ತ ನಾಲ್ಕೂವರೆ ಯಾಕ ಕೊಟ್ರಿ?"

ಪ್ರಕರಣದ ಗಂಟು ಇದೇ. ರೋಬೋ ಮಾರಾಟಕ್ಕೆ ಬರುವ ಮುಂಚೆಯೇ ಬುಕ್ ಮಾಡಿದ್ದರು. ಕಂಡಿದ್ದು ಕೈಯಿಂದ ಬಣ್ಣ ಹಚ್ಚಿದ ಮಾದರಿಯ ಫೋಟೋ ಮಾತ್ರ. ಇವನ್ನು ಕಡಿಮೆ ಸಂಖ್ಯೆಯಲ್ಲಿ ಮಾಡುತ್ತಾರೆ, ತಡ ಮಾಡಿದರೆ ಸಿಗಲ್ಲ ಎಂಬ ಭಯ. ಕೈಗೆ ಬಂದ ವಸ್ತುವನ್ನು ಇಷ್ಟು ನ್ಯಾಯವಾಗಿ ಅಳೆಯುವ ಮನುಷ್ಯ, ಕೊಳ್ಳುವ ಹೊತ್ತಿಗೆ ಆ ಅಳತೆಗೋಲನ್ನು ಮುಟ್ಟುತ್ತಲೇ ಇರಲಿಲ್ಲ. ಹವ್ಯಾಸ ಬಿಡಿ ಎಂದು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಗಿರಣಿಯ ಸದ್ದಿನಲ್ಲಿ ದಿನವಿಡೀ ನಿಂತವರಿಗೆ ರಾತ್ರಿ ಅರ್ಧ ಗಂಟೆ ಕೈ, ಕಣ್ಣು ಒಂದೇ ಕಡೆ ನಿಲ್ಲುವುದು ಸಣ್ಣ ವಿಷಯವಲ್ಲ. ನಮ್ಮ ಕಿನ್ನಾಳದ ಬಣ್ಣದ ಗೊಂಬೆಗಳನ್ನು ಶೋಕೇಸಿನಲ್ಲಿಟ್ಟು, ಮಕ್ಕಳ ಕೈಗೆ ಕೊಡದೆ ಕಾಪಾಡುವ ಮನೆ ಎಷ್ಟಿಲ್ಲ? ಅವರನ್ನು ಯಾರೂ ಹುಡುಗಾಟದವರು ಅನ್ನುವುದಿಲ್ಲ, ಅಲ್ವಾ?

ನಾನು ಹೇಳಿದ್ದು ಇಷ್ಟು. ಫೋಟೋ ನೋಡಿ ಬುಕ್ ಮಾಡಬೇಡಿ. ಬೇರೆಯವರ ಕೈಯಲ್ಲಿ ಕೆಲವು ತಿಂಗಳು ಆಡಲಿ, ಸಡಿಲವಾಗುವ ಕೀಲು ಆಗ ಗೊತ್ತಾಗುತ್ತದೆ. ಸಿಗದೇ ಹೋದರೆ ಹೋಗಲಿ. ನನ್ನೆದುರು ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಇರುವ ರೋಬೋದ ಪುಟ ಮುಗಿಯದೆ ಹೊಸದು ಬೇಡ. ಬೆಲೆ ಬರೆಯುವಾಗ ಸಾಗಣೆ, ಸುಂಕ ಎಲ್ಲ ಸೇರಿಸಿ. ನಮ್ಮಲ್ಲಿ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್ ಕೊಡುವ ಐಎಸ್‌ಐ ಗುರುತೂ ಕಡ್ಡಾಯ. ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತರೆ ಆ ನಷ್ಟವೂ ಮನೆಯದೇ. ಮತ್ತೆ, ಪಾರ್ಸೆಲ್ ಮನೆಗೇ ಬರಲಿ. ಗಿರಣಿಗೆ ಬೇಡ.

ಮಗನ ವಿಷಯದಲ್ಲಿ ನಾನು ಮಂಜು ಪರ ನಿಂತೆ. ಆ ರೋಬೋದ ಪೆಟ್ಟಿಗೆಯ ಮೇಲೆ 15 ವರ್ಷ ಮೇಲ್ಪಟ್ಟವರಿಗೆ ಎಂದಿತ್ತು. ಬಂದೂಕು, ಮುಷ್ಟಿ ಕಳಚಿ ಬರುತ್ತವೆ. ಮೂರು ವರ್ಷದೊಳಗಿನ ಮಗು ನುಂಗಿದರೆ ಉಸಿರು ಕಟ್ಟಬಹುದು. ದೂರ ಇಡುವುದು ಸರಿ, ಒದರುವುದು ತಪ್ಪು. ಎತ್ತರದ ಬೀಗದ ಕಪಾಟು ಮಾಡಿಸಿ, ಮಗನಿಗೆ ಐಎಸ್‌ಐ ಗುರುತಿನ ದೊಡ್ಡ ಲಾರಿ ತನ್ನಿ, ಅವನ ಜೊತೆ ನೆಲದ ಮೇಲೆ ಕೂತು ಆಡಿ ಎಂದೆ. ಹೆಂಡತಿಗೆ ಕೇಳಿಕೊಂಡದ್ದು ಒಂದೇ: ನೆಂಟರ ಮುಂದೆ ಇದನ್ನು ಎತ್ತಿ ಆಡಬೇಡಿ.

ತಿಂಗಳಿಗೆ ಇಷ್ಟು ಎಂದು ಇಬ್ಬರೂ ಕೂತು ಒಂದು ಮೊತ್ತ ಗೊತ್ತು ಮಾಡಿದ್ದಾರೆ. ಅಷ್ಟರಲ್ಲಿ ಮಂಜು ಇನ್ನೊಂದು ವಿಷಯ ಬಾಯಿಬಿಟ್ಟರು: ಮತ್ತೊಂದು ರೋಬೋಗೆ ಮುಂಗಡ ಕೊಟ್ಟಾಗಿದೆ. ಹೆಂಡತಿ ಸಿಟ್ಟಾದರು, ಎದ್ದು ಹೋಗಲಿಲ್ಲ. ರದ್ದು ಮಾಡಿದರೆ ಮುಂಗಡ ಹೋಗುತ್ತದೆ, ತರಿಸಿದರೆ ಮೂರು ತಿಂಗಳ ಮೊತ್ತ ಒಮ್ಮೆಗೇ ಖಾಲಿ. ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ಭೇಟಿಗೆ ನೋಟ್‌ಬುಕ್ ತರಲು ಹೇಳಿದ್ದೇನೆ.