ಬೀರುವಲ್ಲಿಟ್ಟ ಹಾಳೆ ಐಸಿಯುಗೆ ತಲುಪೋದು ಹೇಗೆ?

ಹೋದ ಸಂಚಿಕೆಯಲ್ಲಿ ಆಸ್ತಿ ಉಯಿಲಿನ ಬಗ್ಗೆ ಬರೀತಾ, ‘ಜೀವಂತ ಉಯಿಲು’ ಅಂತಾನೂ ಒಂದಿದೆ, ಅದು ಕೊನೇ ಚಿಕಿತ್ಸೆಗೆ ಸಂಬಂಧಪಟ್ಟಿದ್ದು ಅಂತ ಎರಡು ಸಾಲು ಸೇರಿಸಿದ್ದೆ. ಆ ಎರಡು ಸಾಲಿಗೆ ಬಂದಷ್ಟು ಪತ್ರ ಸೈಟು ಜಗಳಕ್ಕೂ ಬಂದಿರ್ಲಿಲ್ಲ! ಅದಕ್ಕೆ ಈ ಸಲ ಪೂರ್ತಿ ಅದೇ. ಹೆಸರು ಯಾರದ್ದೂ ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ನನಗೆ 71, ರಿಟೈರ್ಡ್ ಮೇಷ್ಟ್ರು. ಶುಗರ್, ಬಿಪಿ ಬಿಟ್ರೆ ಗಟ್ಟಿಯಾಗಿದೀನಿ. ಮುಂದೆ ವಾಸಿಯಾಗೋ ಆಸೆನೇ ಇಲ್ಲ ಅನ್ನೋ ಸ್ಥಿತಿ ಬಂದ್ರೆ ವೆಂಟಿಲೇಟರ್ ಹಾಕಿ ತಿಂಗಳುಗಟ್ಲೆ ಇಡ್ಬೇಡಿ ಅಂತ ಬರೆದಿಡೋಣ ಅಂತಿದೀನಿ. ಮಗ ‘ಇದು ಆತ್ಮಹತ್ಯೆ ಇದ್ದಂಗೆ, ಪೊಲೀಸ್ ಕೇಸ್ ಆಗುತ್ತೆ’ ಅಂತ ಹೆದರಿಸ್ತಾನೆ. ನಿಜವಾ? (ತಿಪಟೂರು)

ಉತ್ತರ: ಇಲ್ಲ ಮೇಷ್ಟ್ರೇ, ಕೇಸ್ ಏನೂ ಆಗಲ್ಲ. ಮಗ ಹಳೇ ಕಾಲದ್ದು ಹೇಳ್ತಿದಾರೆ. 2018ರ ಮಾರ್ಚ್ 9ಕ್ಕೆ ಸುಪ್ರೀಂ ಕೋರ್ಟಿನ ಐದು ಜನ ನ್ಯಾಯಮೂರ್ತಿಗಳ ಪೀಠ, ಕಾಮನ್ ಕಾಸ್ ಅನ್ನೋ ಸಂಸ್ಥೆ ಹಾಕಿದ್ದ ಕೇಸಲ್ಲಿ, ಘನತೆಯಿಂದ ಸಾಯೋದೂ ಸಂವಿಧಾನದ 21ನೇ ವಿಧಿ ಕೊಟ್ಟಿರೋ ಬದುಕುವ ಹಕ್ಕಿನೊಳಗೇ ಬರುತ್ತೆ ಅಂತ ಹೇಳಿದೆ. ವಾಸಿಯಾಗದ ಸ್ಥಿತಿಯಲ್ಲಿ ಯಂತ್ರ ಬೇಡ ಅಂದು ಕಾಯಿಲೆ ಅದರ ದಾರಿ ಹಿಡಿಯೋಕೆ ಬಿಡೋದು ಆತ್ಮಹತ್ಯೆ ಆಗಲ್ಲ ಅಂತಾನೂ ಹೇಳಿದೆ. ಇಂಜೆಕ್ಷನ್ ಕೊಟ್ಟು ಸಾಯಿಸೋದು ಇವತ್ತಿಗೂ ಅಪರಾಧವೇ, ಅದನ್ನ ಇದರ ಜೊತೆ ಕಲಸ್ಬೇಡಿ. ಪೇಪರ್‌ನವರು ಎರಡಕ್ಕೂ ‘ದಯಾಮರಣ’ ಅಂತಾನೇ ಹೆಡ್ಡಿಂಗ್ ಕೊಡೋದ್ರಿಂದ ಅರ್ಧ ಗೊಂದಲ ಅಲ್ಲೇ ಹುಟ್ಟೋದು.

ಇದು ಶುರುವಾಗಿದ್ದೇ ನಮ್ಮ ಕಡೆಯ ಒಬ್ಬ ಹೆಣ್ಣುಮಗಳಿಂದ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅರುಣಾ ಶಾನಭಾಗ್, ಉತ್ತರ ಕನ್ನಡದ ಹಳದೀಪುರದವರು, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರಲ್ಲಿ ಅಲ್ಲಿನ ಕೆಲಸಗಾರನೊಬ್ಬ ನಾಯಿ ಕಟ್ಟೋ ಸರಪಳಿಯಿಂದ ಕುತ್ತಿಗೆ ಬಿಗಿದು ಹಲ್ಲೆ ಮಾಡಿದ. ಆಮೇಲೆ 42 ವರ್ಷ ಅದೇ ಆಸ್ಪತ್ರೆಯ ಹಾಸಿಗೆ ಮೇಲೆ, 2015ರ ಮೇ ತಿಂಗಳವರೆಗೂ. ಇನ್ನು ಇವರನ್ನ ಹೋಗೋಕೆ ಬಿಡಿ ಅಂತ ಅವರ ಪರವಾಗಿ ಹಾಕಿದ್ದ ಅರ್ಜಿಯನ್ನ 2011ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಆದ್ರೆ ಹೈಕೋರ್ಟ್ ಅನುಮತಿ ತಗೊಂಡು ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು ಅಂತ ಮೊದಲ ಸಲ ಬಾಗಿಲು ತೆಗೀತು. ಅವರ ವಾರ್ಡಿನ ನರ್ಸುಗಳು ನಾವು ನೋಡ್ಕೋತೀವಿ, ಬಿಡಿ ಅಂತ ಪಟ್ಟು ಹಿಡಿದಿದ್ರು, ಅಷ್ಟು ವರ್ಷ ಬೆನ್ನಿಗೆ ಹುಣ್ಣಾಗದ ಹಾಗೆ ನೋಡ್ಕೊಂಡ್ರು ಅಂತಾರೆ. ಯಾರು ಸರಿ ಅಂತ ನನ್ನ ಕೇಳಿದ್ರೆ ಇವತ್ತಿಗೂ ಹೇಳೋಕೆ ಬರಲ್ಲ. ಅರುಣಾ ಅವರಿಗೇನು ಬೇಕಿತ್ತು ಅಂತ ಮಾತ್ರ ಯಾರಿಗೂ ಗೊತ್ತಿರ್ಲಿಲ್ಲ. ನೀವು ಬರೀಬೇಕು ಅಂತಿರೋದು ಅದನ್ನೇ ತಾನೆ, ಬರೀರಿ.

ಪ್ರಶ್ನೆ: ಇದಕ್ಕೆ ಲಾಯರ್ ಬೇಕಾ, ಸ್ಟಾಂಪ್ ಪೇಪರ್ ಎಷ್ಟರದ್ದು, ಎಲ್ಲಿ ರಿಜಿಸ್ಟರ್ ಮಾಡಿಸ್ಬೇಕು? ಕೋರ್ಟಿಗೆ ಹೋಗ್ಬೇಕು ಅಂತ ಯಾರೋ ಹೇಳಿದ್ರು. (ಹಾಸನ)

ಉತ್ತರ: ಕೋರ್ಟಿಗೆ ಹೋಗೋದು 2018ರ ನಿಯಮ. ಆಗ ಜೆಎಂಎಫ್‌ಸಿ, ಅಂದ್ರೆ ಪ್ರಥಮ ದರ್ಜೆ ನ್ಯಾಯಾಂಗ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು, ನಮ್ಮಂಥ ವಕೀಲರಿಗೇ ಅದು ತಲೆನೋವು, ಜನ ಎಲ್ಲಿ ಹೋಗ್ತಾರೆ. 2023ರ ಜನವರಿ 24ಕ್ಕೆ ಸುಪ್ರೀಂ ಕೋರ್ಟೇ ಅದನ್ನ ಸಡಿಲ ಮಾಡ್ತು. ಈಗ ಇಬ್ಬರು ಸಾಕ್ಷಿಗಳ ಮುಂದೆ ನೀವು ಸಹಿ ಹಾಕಿ, ನೋಟರಿ ಇಲ್ಲಾ ಗೆಜೆಟೆಡ್ ಆಫೀಸರ್ ಹತ್ರ ದೃಢೀಕರಣ ಮಾಡಿಸಿದ್ರೆ ಸಾಕು. ತಹಶೀಲ್ದಾರ್ ಆಗ್ತಾರೆ, ಸರ್ಕಾರಿ ಪಿಯು ಕಾಲೇಜಿನ ಪ್ರಿನ್ಸಿಪಾಲ್ ಆಗ್ತಾರೆ. ಸಾಕ್ಷಿಗಳು ಮನೆಯವರಲ್ಲದೆ ಹೊರಗಿನವರಾದ್ರೆ ಒಳ್ಳೇದು. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗೋ ಕೆಲಸ ಇಲ್ಲ. ಛಾಪಾ ಕಾಗದ ಬೇಕೇಬೇಕು ಅಂತ ಆ ತೀರ್ಪಿನಲ್ಲಿ ಎಲ್ಲೂ ಇಲ್ಲ, ನಿಮ್ಮ ನೋಟರಿ ಕೇಳಿದ್ರೆ ಒಂದು ಇ-ಸ್ಟಾಂಪ್ ಹಾಕ್ಸಿ, ಅಷ್ಟಕ್ಕೆ ಜಗಳ ಬೇಡ.

ಹಾಳೆಯಲ್ಲಿ ಏನಿರ್ಬೇಕು ಅಂದ್ರೆ, ನಾನು ಕಕ್ಷಿದಾರರಿಗೆ ಬರೆದುಕೊಡೋದು ಹೀಗೆ: ‘ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ ಬರೆದದ್ದು. ನನಗೆ ವಾಸಿಯಾಗದ ಕಾಯಿಲೆ ಬಂದು, ಚೇತರಿಸಿಕೊಳ್ಳುವ ಸಾಧ್ಯತೆ ಇಲ್ಲವೆಂದು ವೈದ್ಯರು ತೀರ್ಮಾನಿಸಿ, ನಾನೇ ನಿರ್ಧಾರ ಹೇಳುವ ಸ್ಥಿತಿಯಲ್ಲಿ ಇಲ್ಲದಿದ್ದಾಗ, ವೆಂಟಿಲೇಟರ್, ಡಯಾಲಿಸಿಸ್, ಎದೆ ಒತ್ತಿ ಹೃದಯ ಮತ್ತೆ ನಡೆಸುವುದು ಬೇಡ. ನೋವು, ಉಸಿರಾಟದ ಕಷ್ಟ ಕಡಿಮೆ ಮಾಡುವ ಔಷಧಿ ಕೊನೆಯವರೆಗೂ ಬೇಕು.’ ಮೂಗಿನ ಪೈಪಲ್ಲಿ ಗಂಜಿ ಹಾಕೋದರ ಬಗ್ಗೆ ಬೇರೇನೇ ಒಂದು ಸಾಲು ಬರೀರಿ, ಯಾಕಂದ್ರೆ ಮನೆಗಳಲ್ಲಿ ಜಗಳ ಆಗೋದೇ ಅಲ್ಲಿ, ‘ಅಮ್ಮನಿಗೆ ಊಟ ಹಾಕದೆ ಬಿಟ್ರು’ ಅನ್ನೋ ಮಾತು ಮೂರು ತಲೆಮಾರು ನಿಲ್ಲುತ್ತೆ. ಆಮೇಲೆ ನಿಮ್ಮ ಬದಲು ಮಾತಾಡೋರ ಹೆಸರು, ಒಬ್ಬರಿಗಿಂತ ಜಾಸ್ತಿ ಕೊಡಬಹುದು. ಇದರ ಪರಿಣಾಮ ನನಗೆ ಗೊತ್ತಿದೆ, ಯಾವಾಗ ಬೇಕಾದ್ರೂ ಬರವಣಿಗೆಯಲ್ಲಿ ವಾಪಸ್ ತಗೋಬಹುದು ಅನ್ನೋದೂ ಗೊತ್ತಿದೆ ಅಂತ ಸೇರಿಸಿ. ‘ಸುಮ್ನೆ ಕಷ್ಟ ಕೊಡ್ಬೇಡಿ’ ಅಂತೆಲ್ಲ ಹೊಯ್ದಾಡೋ ಹಾಗೆ ಬರೀಬೇಡಿ, ಅರ್ಥ ಸ್ಪಷ್ಟ ಇಲ್ಲದಿದ್ರೆ ಯಂತ್ರ ತೆಗೀಬೇಕಾ ಅಂತ ತೀರ್ಮಾನ ಮಾಡೋ ಡಾಕ್ಟರ್‌ಗಳ ಮಂಡಳಿ ಅದನ್ನ ಪಕ್ಕಕ್ಕಿಡುತ್ತೆ.

ಬರೆದಾದ ಮೇಲೆ ಒಂದೊಂದು ಕಾಪಿ ನೀವು ಹೆಸರಿಸಿದವರಿಗೆ, ಮನೆ ಡಾಕ್ಟರ್ ಇದ್ರೆ ಅವರಿಗೆ, ಇನ್ನೊಂದು ಪಾಲಿಕೆ ಅಥವಾ ಪಂಚಾಯ್ತಿಗೆ. ಅಲ್ಲಿ ಇದನ್ನ ಕಾಪಾಡೋಕೆ ಒಬ್ಬ ಅಧಿಕಾರಿ ಇರ್ಬೇಕು ಅಂತ ತೀರ್ಪು ಹೇಳುತ್ತೆ. ನಾನು ನನ್ನದೇ ಕಾಪಿ ಕೊಡೋಕೆ ಹೋದಾಗ ಕೌಂಟರಲ್ಲಿದ್ದವರು ತಿರುಗಿಸಿ ಮುರುಗಿಸಿ ನೋಡಿ ‘ಮೇಡಂ, ಇದು ಖಾತಾ ಬದಲಾವಣೆನಾ?’ ಅಂದ್ರು. ಮುದ್ದಾಂ ಕೂತು, ಸ್ವೀಕೃತಿ ಸೀಲ್ ಹಾಕಿಸ್ಕೊಂಡೇ ಬಂದೆ. ನೀವೂ ಹಾಗೇ ಮಾಡಿ. ಗೋವಾದಲ್ಲಿ 2024ರಲ್ಲಿ ಹೈಕೋರ್ಟ್ ನ್ಯಾಯಮೂರ್ತಿ ಎಂ.ಎಸ್. ಸೋನಕ್ ಅವರೇ ಮೊದಲು ತಮ್ಮದನ್ನ ಮಾಡಿಸಿದ್ರು, ಆಮೇಲೆ ಜನಕ್ಕೂ ಸ್ವಲ್ಪ ಧೈರ್ಯ ಬಂತು.

ಪ್ರಶ್ನೆ: ನಮ್ಮತ್ತೆ ಐಸಿಯುನಲ್ಲಿ 20 ದಿನದಿಂದ ಇದಾರೆ, ಪ್ರಜ್ಞೆ ಇಲ್ಲ. ಅವರು ಏನೂ ಬರೆದಿಟ್ಟಿಲ್ಲ. ಡಾಕ್ಟ್ರು ಹುಷಾರಾಗಲ್ಲ ಅಂತಾರೆ, ಹಾಗಾದ್ರೆ ಯಂತ್ರ ತೆಗೀರಿ ಅಂದ್ರೆ ‘ನಾವು ತೆಗೆಯಲ್ಲ, ಸೈನ್ ಮಾಡಿ ಕರ್ಕೊಂಡು ಹೋಗಿ’ ಅಂತಾರೆ. ಏನು ಮಾಡೋದು? (ಬೆಂಗಳೂರು)

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಎದ್ದು ಓಡಾಡಿದೆ. ಆ ‘ಸೈನ್ ಮಾಡಿ ಕರ್ಕೊಂಡು ಹೋಗಿ’ ನನಗೂ ಹೇಳಿದ್ರು, 2019ರಲ್ಲಿ. ಅಪ್ಪನಿಗೆ ಮಿದುಳಲ್ಲಿ ರಕ್ತಸ್ರಾವ ಆಗಿತ್ತು. ಹನ್ನೊಂದನೇ ದಿನ ಆಧಾರ್ ಕಾರ್ಡ್ ಹುಡುಕ್ತಾ ಬೀರುವಿನಲ್ಲಿ ಎಲ್‌ಐಸಿ ಬಾಂಡುಗಳ ಕೆಳಗೆ ಒಂದು ಹಾಳೆ ಸಿಕ್ತು, ಅಪ್ಪನ ಅಕ್ಷರ, ‘ನನ್ನನ್ನು ಯಂತ್ರಕ್ಕೆ ಹಾಕಬೇಡಿ’ ಅಂತ. ಸಾಕ್ಷಿ ಇಲ್ಲ, ತಾರೀಕೂ ಇಲ್ಲ. ಮಗಳು ಇಪ್ಪತ್ತು ವರ್ಷದಿಂದ ವಕೀಲಿಕೆ ಮಾಡ್ತಿದಾಳೆ, ಅವಳಿಗೆ ಒಂದು ಮಾತು ಹೇಳಿಲ್ಲ! ಆಸ್ಪತ್ರೆಯವರು ಆ ಹಾಳೇನ ಓದಿ ಮಡಚಿ ವಾಪಸ್ ಕೊಟ್ರು. ಕೊನೆಗೆ ‘ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ’ ಅನ್ನೋ ಫಾರ್ಮಿಗೆ ಸಹಿ ಹಾಕಿ ಕರ್ಕೊಂಡು ಬಂದ್ವಿ, ಆಂಬುಲೆನ್ಸಲ್ಲಿ ನನ್ನ ಚಿಕ್ಕಪ್ಪನ ಮಗ ದಾರಿಯುದ್ದಕ್ಕೂ ಉಸಿರು ಕೊಡೋ ರಬ್ಬರ್ ಬ್ಯಾಗು ಒತ್ತುತ್ತಾ ಕೂತಿದ್ದ, ಮನೆ ಗೇಟ್ ಬಂದ ಮೇಲೂ ಒತ್ತೋದು ನಿಲ್ಲಿಸೋಕೆ ಅವನಿಗೆ ಕೈ ಬರ್ಲಿಲ್ಲ. ನೋವಿನ ಔಷಧಿ ಒಂದೂ ಬರೆದುಕೊಟ್ಟಿರ್ಲಿಲ್ಲ.

ನಿಮಗೆ ಈಗ ಅದಕ್ಕಿಂತ ಒಳ್ಳೇ ದಾರಿ ಇದೆ. ರೋಗಿ ಏನೂ ಬರೆದಿಡದಿದ್ರೂ ಹತ್ತಿರದ ಸಂಬಂಧಿಕರ ಒಪ್ಪಿಗೆ ಮೇಲೆ, ಬರೆದಿಟ್ಟವರಿಗೆ ಇರೋ ಕ್ರಮವನ್ನೇ ನಡೆಸಬಹುದು. ಆಸ್ಪತ್ರೆ ಒಂದು ಪ್ರಾಥಮಿಕ ಮಂಡಳಿ ಮಾಡ್ಬೇಕು, ನೋಡ್ತಿರೋ ಡಾಕ್ಟ್ರು ಜೊತೆಗೆ ಕನಿಷ್ಠ ಐದು ವರ್ಷ ಅನುಭವ ಇರೋ ಇಬ್ಬರು ತಜ್ಞರು. ಆಮೇಲೆ ಬೇರೆ ಡಾಕ್ಟರ್‌ಗಳ ಎರಡನೇ ಮಂಡಳಿ, ಅದರಲ್ಲಿ ಒಬ್ಬರು ಜಿಲ್ಲಾ ಆರೋಗ್ಯಾಧಿಕಾರಿ ಕಡೆಯಿಂದ. ಎರಡೂ ಮಂಡಳಿ ಆದಷ್ಟು ಮಟ್ಟಿಗೆ 48 ಗಂಟೆಯೊಳಗೆ ಅಭಿಪ್ರಾಯ ಹೇಳ್ಬೇಕು. ಎರಡೂ ಮಂಡಳಿ ಒಪ್ಪಿದ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಯಂತ್ರ ತೆಗೀಬಹುದು, ತಿಳಿಸೋದಷ್ಟೇ, ಅನುಮತಿಗೆ ಕಾಯ್ಬೇಕಾಗಿಲ್ಲ. ಮಂಡಳಿ ಒಪ್ಪದಿದ್ರೆ ಹೈಕೋರ್ಟ್ ಇದೆ. ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ 30ಕ್ಕೆ ಇದನ್ನ ಜಾರಿ ಮಾಡಿ ಅಂತ ಸುತ್ತೋಲೆ ಹೊರಡಿಸಿದೆ. ಈ ಹಕ್ಕಿಗಾಗಿ ವರ್ಷಗಟ್ಲೆ ಅರ್ಜಿ ಹಿಡ್ಕೊಂಡು ಅಲೆದ ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮ ಅವರ ಫೋಟೋ ಆಗ ಎಲ್ಲ ಪೇಪರಲ್ಲೂ ಬಂದಿತ್ತು, ನೆನಪಿರಬಹುದು.

ನಾಳೆ ಬೆಳಿಗ್ಗೆ ಆ ಸುತ್ತೋಲೆ ಪ್ರಿಂಟ್ ತೆಗೆದು, ‘ಪ್ರಾಥಮಿಕ ಮಂಡಳಿ ರಚಿಸಿ’ ಅಂತ ಮನೆಯವರೆಲ್ಲ ಸಹಿ ಹಾಕಿದ ಒಂದು ಪತ್ರ ಆಸ್ಪತ್ರೆ ಸೂಪರಿಂಟೆಂಡೆಂಟರಿಗೆ ಕೊಡಿ. ಬಾಯಿ ಮಾತಿಗೆ ಬರೋ ಉತ್ತರ ಬೇರೆ, ಸೀಲ್ ಬಿದ್ದ ಪತ್ರಕ್ಕೆ ಬರೋ ಉತ್ತರಾನೇ ಬೇರೆ. ಯಂತ್ರ ತೆಗೆದ ಮೇಲೂ ನೋವು ನೋಡ್ಕೊಳ್ಳೋ ಚಿಕಿತ್ಸೆ, ಅಂದ್ರೆ ಪ್ಯಾಲಿಯೇಟಿವ್ ಕೇರ್, ನಿಲ್ಲಬಾರದು. ಅದನ್ನೂ ಆ ಪತ್ರದಲ್ಲೇ ಕೇಳಿ.

ಪ್ರಶ್ನೆ: ನಮ್ಮ ಅವ್ವ ಧಾರವಾಡದಾಗ ಒಬ್ಬಾಕಿನ ಇರ್ತಾಳ್ರಿ. ನಾನು ಅಮೆರಿಕಾದಾಗ, ಒಬ್ಬಾಕಿನ ಮಗಳು. ನನ್ನ ಹೆಸರು ಹಾಕಿದ್ರ ನಡೀತದೇನ್ರಿ? ನಾನು ಇಲ್ಲಿ ನಂದು ಮಾಡ್ಸೀನಿ, ಅದು ಅಲ್ಲಿ ಚಾಲೂ ಆಗ್ತದೇನು? (ಸಿಯಾಟಲ್)

ಉತ್ತರ: ನಿಮ್ಮ ಹೆಸರು ಹಾಕಬಹುದು, ಆದ್ರೆ ಅದೊಂದೇ ಹಾಕ್ಬೇಡಿ. ಧಾರವಾಡದಲ್ಲಿ ರಾತ್ರಿ ಹತ್ತಕ್ಕೆ ಅವ್ವನ ಉಸಿರು ಏರಿದಾಗ ನೀವು ಆಫೀಸಿಗೆ ಹೊರಟಿರ್ತೀರಿ, ಫೋನ್ ಮೀಟಿಂಗಲ್ಲಿ ಸೈಲೆಂಟಲ್ಲಿರುತ್ತೆ. ಅರ್ಧ ಗಂಟೆಯಲ್ಲಿ ಆಸ್ಪತ್ರೆ ಮುಟ್ಟೋ ಇನ್ನೊಬ್ಬರು ಬೇಕು, ತಂಗಿ ಮಗನೋ ಪಕ್ಕದ ಮನೆಯವರೋ, ಅವ್ವ ನಂಬೋರು ಯಾರಾದ್ರೂ ಸರಿ. ಇಬ್ಬರಲ್ಲಿ ಮೊದಲು ಯಾರ ಮಾತು ಅನ್ನೋದನ್ನೂ ಬರೆಸಿ. ದೂರದಿಂದ ಬಂದ ಮಕ್ಕಳು ‘ಎಲ್ಲಾ ಮಾಡಿ ಡಾಕ್ಟ್ರೇ, ದುಡ್ಡಿನ ಚಿಂತೆ ಇಲ್ಲ’ ಅನ್ನೋದು, ಇಲ್ಲೇ ಇದ್ದು ನೋಡ್ಕೊಂಡೋರು ಮೂಲೇಲಿ ನಿಂತು ಸುಮ್ನಾಗೋದು, ನಾನು ಎಷ್ಟು ಸಲ ನೋಡಿದೀನೋ. ಬೇಜಾರ್ ಮಾಡ್ಕೋಬೇಡಿ. ನಿಮ್ಮದು ಅಲ್ಲಿಯ ರಾಜ್ಯದ ಕಾನೂನಿನ ಪ್ರಕಾರ ಆಗಿರೋದು, ಅದನ್ನ ನೆಚ್ಕೊಂಡು ಇಲ್ಲಿಗೆ ಬರ್ಬೇಡಿ, ರಜೆಗೆ ಬಂದಾಗ ಇಲ್ಲಿನ ಕ್ರಮದಲ್ಲಿ ಇನ್ನೊಂದು ಮಾಡಿಸಿ. ಅವ್ವ ಆರು ತಿಂಗಳು ನಿಮ್ಮ ಹತ್ರ ಬಂದಿರೋದಾದ್ರೆ ಅಲ್ಲಿಯ ಫಾರ್ಮನ್ನೂ ಅವರ ಕೈಲಿ ತುಂಬಿಸಿ.

ಪ್ರಶ್ನೆ: ಅಪ್ಪ ಹುಷಾರಾಗಿದ್ದಾಗಲೇ ನನಗೆ ಜಿಪಿಎ (ಅವರ ಪರವಾಗಿ ವ್ಯವಹಾರ ಮಾಡೋ ಅಧಿಕಾರ ಪತ್ರ) ಬರೆದುಕೊಟ್ಟಿದ್ರು. ಈಗ ಸ್ಟ್ರೋಕ್ ಆಗಿ ಪ್ರಜ್ಞೆ ಇಲ್ಲ. ಆಸ್ಪತ್ರೆ ಬಿಲ್ ಕಟ್ಟೋಕೆ ಅವರ ಖಾತೆ ದುಡ್ಡು ತೆಗೆಯೋಣ ಅಂದ್ರೆ ಬ್ಯಾಂಕಿನವರು ಜಿಪಿಎ ನಡೆಯಲ್ಲ ಅಂತಾರೆ. (ಚಿತ್ರದುರ್ಗ)

ಉತ್ತರ: ಕೇಳೋಕೆ ಕಹಿ, ಆದ್ರೆ ಬ್ಯಾಂಕಿನವರು ಹೇಳ್ತಿರೋದು ಸರಿ. 1872ರ ಕರಾರು ಕಾಯ್ದೆ ಪ್ರಕಾರ ಬರೆದುಕೊಟ್ಟವರು ತೀರಿಕೊಂಡ್ರೆ ಅಥವಾ ಬುದ್ಧಿ ಸ್ವಾಧೀನ ತಪ್ಪಿದ್ರೆ ಅಧಿಕಾರ ಪತ್ರ ಅಲ್ಲಿಗೇ ಮುಗೀತು. ಅಂದ್ರೆ ಯಾವಾಗ ಅದು ನಿಜಕ್ಕೂ ಬೇಕೋ ಆಗಲೇ ಕೈ ಕೊಡುತ್ತೆ. ಬೇರೆ ಕೆಲವು ದೇಶಗಳಲ್ಲಿ ಪ್ರಜ್ಞೆ ತಪ್ಪಿದ ಮೇಲೂ ನಡೆಯೋ ಪವರ್ ಆಫ್ ಅಟಾರ್ನಿ ಇದೆ, ನಮ್ಮಲ್ಲಿ ಇಲ್ಲ, ಶಾಸನ ಸಭೆಗಳಿಗೆ ಇದು ಯಾವಾಗ ಹೊಳೆಯುತ್ತೋ. ಈಗ ನಿಮಗಿರೋದು ಹೈಕೋರ್ಟಲ್ಲಿ ರಿಟ್ ಅರ್ಜಿ ಹಾಕಿ, ನನ್ನನ್ನ ಅಪ್ಪನಿಗೆ ಪೋಷಕರಾಗಿ ನೇಮಿಸಿ ಅಂತ ಕೇಳೋ ದಾರಿ, ವೈದ್ಯಕೀಯ ದಾಖಲೆ ಎಲ್ಲ ಜೋಡಿಸಿಟ್ಕೊಳ್ಳಿ. ಮಿಕ್ಕ ಓದುಗರು ಈ ವಾರವೇ ಬ್ಯಾಂಕಿಗೆ ಹೋಗಿ ಗಂಡ ಹೆಂಡತಿ ಒಂದು ಖಾತೇನಾದ್ರೂ ‘ಐದರ್ ಆರ್ ಸರ್ವೈವರ್’ ಜಂಟಿ ಖಾತೆ ಮಾಡಿ ಅದರಲ್ಲಿ ಆಸ್ಪತ್ರೆ ದುಡ್ಡು ಇಡಿ, ಒಬ್ಬರು ಮಲಗಿದ್ರೆ ಇನ್ನೊಬ್ಬರು ತೆಗೀಬಹುದು.

ಪ್ರಶ್ನೆ: ಕಣ್ಣು, ದೇಹ ದಾನ ಮಾಡ್ಬೇಕು ಅಂತ ಉಯಿಲಲ್ಲಿ ಬರೆದಿದೀನಿ, ಸಾಕಲ್ವಾ? ನಾಮಿನಿ ಹಾಕಿದ್ರೆ ಉಯಿಲು ಬೇಕಾ? (ಮೈಸೂರು)

ಉತ್ತರ: ಸಾಕಾಗಲ್ಲ. ಉಯಿಲು ತೆಗೆಯೋದು ವೈಕುಂಠ ಸಮಾರಾಧನೆ ಮುಗಿದ ಮೇಲೆ, ಕಣ್ಣು ತೆಗೆಯೋಕೆ ಇರೋದು ಸುಮಾರು ಆರು ಗಂಟೆ. ಮನೆಯವರಿಗೆ ಈಗಲೇ ಹೇಳಿ, ಅವರು ಫೋನ್ ಮಾಡದಿದ್ರೆ ಯಾವ ಕಾರ್ಡೂ ಕೆಲಸಕ್ಕೆ ಬರಲ್ಲ. ಅಂಗಾಂಗ ದಾನಕ್ಕೆ ನಮ್ಮ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಅನ್ನೋ ಸರ್ಕಾರಿ ಸಂಸ್ಥೆ ಇದೆ, ಅಲ್ಲಿ ನೋಂದಾಯಿಸಿದ್ರೂ ಕೊನೇಲಿ ಕುಟುಂಬದ ಒಪ್ಪಿಗೆ ಕೇಳ್ತಾರೆ. ದೇಹದಾನಕ್ಕೆ ಹತ್ತಿರದ ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಫಾರ್ಮ್ ಸಿಗುತ್ತೆ. ನಾಮಿನಿ ಬಗ್ಗೆ: ಅವರು ದುಡ್ಡು ಇಸ್ಕೊಳ್ಳೋರು ಅಷ್ಟೇ, ಮಾಲೀಕರಲ್ಲ, ವಾರಸುದಾರರು ಕೇಳಿದ್ರೆ ಲೆಕ್ಕ ಕೊಡ್ಬೇಕು. ಆದ್ರಿಂದ ಉಯಿಲು ಬೇಕೇ ಬೇಕು.

ಪ್ರಶ್ನೆ: ಈ ವಿಷಯ ಎತ್ತಿದ್ರೆ ಸಾಕು ನನ್ನ ಹೆಂಡ್ತಿ ‘ಬಿಡ್ತು ಅನ್ರಿ, ಸಂಜೆ ಹೊತ್ತು’ ಅಂತ ಎದ್ದು ಹೋಗ್ತಾಳೆ. ಹೇಗೆ ಶುರು ಮಾಡ್ಲಿ? (ಶಿವಮೊಗ್ಗ)

ಉತ್ತರ: ಅವರದ್ದು ಕೇಳ್ಬೇಡಿ, ನಿಮ್ಮದು ಬರೆದು ಓದಿ ಹೇಳಿ, ‘ನನ್ನ ಪರವಾಗಿ ನೀನೇ ಮಾತಾಡ್ಬೇಕು, ಹೆಸರು ಹಾಕ್ಲಾ’ ಅಂತ ಕೇಳಿ. ಬೆಳಿಗ್ಗೆ ಹೊತ್ತು ಕೇಳಿ, ಸಂಜೆ ಬೇಡ. ನಮ್ಮಮ್ಮನೂ ನಾಲ್ಕು ವರ್ಷ ಹೀಗೇ ಎದ್ದು ಹೋಗ್ತಿದ್ರು. ಒಂದಿನ ಅವರ ಗೆಳತೀನ ಐಸಿಯುನಲ್ಲಿ ನೋಡ್ಕೊಂಡು ಬರೋವಾಗ, ಬಸ್ಸಲ್ಲಿ, ಕಿಟಕಿ ಕಡೆ ಮುಖ ಮಾಡ್ಕೊಂಡೇ ‘ನನಗೆ ಆ ಮೂಗಿನ ಪೈಪು ಬೇಡ ಕಣೆ, ಕೈ ಕಟ್ಟಿ ಹಾಕೋದಂತೂ ಬೇಡವೇ ಬೇಡ’ ಅಂದ್ರು. ಟಿಕೆಟ್ ಹಿಂದೆ ತಾರೀಕು ಸಮೇತ ಬರ್ಕೊಂಡೆ, ಮಾರನೇ ದಿನ ಟೈಪ್ ಮಾಡ್ಸಿದೆ. ನೋಟರಿ ಹತ್ರ ಸಹಿ ಹಾಕ್ತಾ ‘ಕಾಫಿ ಬಗ್ಗೆ ಏನೂ ಬರೆದಿಲ್ವಲ್ಲೇ’ ಅಂತ ಕೇಳಿದ್ರು. ಕೊನೇ ಪುಟದಲ್ಲಿ ಪೆನ್ನಲ್ಲೇ ಸೇರಿಸಿದ್ವಿ: ‘ನುಂಗೋಕೆ ಆಗೋ ತನಕ ದಿನಾ ಎರಡು ಸಲ ಕಾಫಿ ಕೊಡೋದು.’ ಸಾಕ್ಷಿಗಳು ಅದರ ಪಕ್ಕದಲ್ಲೂ ಸಹಿ ಹಾಕಿದಾರೆ.