ಹೊಸ ಪಿಕಪ್ಪೋ ಹಳೇ ಪಿಕಪ್ಪೋ? ನಿಮ್ಮ ಅಪ್ಪ ಹೇಳಿದ್ದನ್ನ ಇನ್ನೊಂದ್ಸಲ ಕೇಳಿ

ಈ ತಿಂಗಳು ಬಂದ ಪತ್ರಗಳಲ್ಲಿ ಒಂದು ನನ್ನ ಟೇಬಲ್ ಮೇಲೇ ಉಳ್ಕೊಂಡಿದೆ. ಮುಳಬಾಗಿಲು ತಾಲ್ಲೂಕಿನ ಓದುಗರು, 31 ವರ್ಷ, ನಾಲ್ಕು ಎಕರೆ ಜಮೀನು, ಒಂದ್ಸಲಕ್ಕೆ ಎರಡು ಎಕರೆಯಂತೆ ವರ್ಷಕ್ಕೆ ಎರಡು ಬೆಳೆ ಟೊಮೆಟೊ. ಕೋಲಾರದ ಮಾರ್ಕೆಟ್ಟಿಗೆ ಬಾಕ್ಸಿಗೆ 15 ರೂಪಾಯಿ ಬಾಡಿಗೆ ಕೊಟ್ಟು ಕೊಟ್ಟು ಸಾಕಾಗಿದೆಯಂತೆ, ಸ್ವಂತಕ್ಕೆ ಒಂದು ಬೊಲೆರೊ ಪಿಕಪ್ ತಗೋಬೇಕು ಅಂತಿದಾರೆ. ಹೊಸದು ಆನ್‌ರೋಡ್ 11 ಲಕ್ಷ ಹೇಳಿದಾರೆ, 2018ರ ಹಳೇದೊಂದು 4 ಲಕ್ಷ 80 ಸಾವಿರಕ್ಕೆ ಇದೆ. ಕೈಲಿ 2 ಲಕ್ಷ ಇದೆ, ಮನೆಯವರ ಒಡವೆ ಇಟ್ರೆ ಇನ್ನೊಂದು ಲಕ್ಷ, ಮಿಕ್ಕಿದ್ದು ಲೋನ್. ಕೊನೇ ಸಾಲು ಹೀಗಿದೆ: "ಅಪ್ಪ ಹಳೇದೇ ತಗೋ ಅಂತಾರೆ ಸಾರ್, ಅವರಿಗೆ ಈಗಿನ ಕಾಲ ಗೊತ್ತಿಲ್ಲ, ನೀವೇ ಒಂದು ಮಾತು ಹೇಳಿ."

ಒಂದು ಮಾತಲ್ಲಿ ಮುಗಿಯಲ್ಲ ತಮ್ಮಾ. ಸಿಟ್ಟು ಮಾಡ್ಕೋಬೇಡಿ, ಈ ವಿಷಯದಲ್ಲಿ ಈಗಿನ ಕಾಲ ಗೊತ್ತಿರೋದು ನಿಮ್ಮ ಅಪ್ಪನಿಗೇ ಅನ್ಸುತ್ತೆ ನಂಗೆ.

ಹೊಸದರ ಪರವಾಗಿ ಹೇಳಬೇಕಾದ್ದು ಮೊದ್ಲು ಹೇಳ್ಬಿಡ್ತೀನಿ. ವಾರಂಟಿ ಇರುತ್ತೆ. ಎಫ್‌ಸಿ, ಅಂದ್ರೆ ಗಾಡಿ ರೋಡಿಗಿಳಿಯೋಕೆ ಯೋಗ್ಯ ಅನ್ನೋ ಫಿಟ್ನೆಸ್ ಸರ್ಟಿಫಿಕೇಟಿನ ಚಿಂತೆ ಕಮ್ಮಿ, ಹೊಸ ಗೂಡ್ಸ್ ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ, ಅಂದ್ರೆ ನೀವು ನೋಡಿರೋ 2018ರ ಗಾಡಿಗೆ ಇನ್ಮೇಲೆ ವರ್ಷ ವರ್ಷ ಓಡಾಟ ಇದ್ದೇ ಇದೆ. 2025ರ ಸೆಪ್ಟೆಂಬರ್ 22ರಿಂದ ಗೂಡ್ಸ್ ಗಾಡಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ, ಅದೂ ನಿಜವಾದ ಉಳಿತಾಯ. ಹೊಗೆ ಕಮ್ಮಿ, ಊರಿನ ಮಕ್ಕಳ ಶ್ವಾಸಕ್ಕೆ ಒಳ್ಳೇದು. ಇಷ್ಟನ್ನೂ ಒಪ್ತೀನಿ.

ಈಗ ಪೆನ್ನು ತಗೊಂಡು ನಿಮ್ಮದೇ ಲೆಕ್ಕ ಹಾಕಣ ಬನ್ನಿ. ಬೆಳೆಗೆ 3 ಸಾವಿರ ಬಾಕ್ಸು ಅಂತ ಬರೆದಿದೀರ, ವರ್ಷಕ್ಕೆ 6 ಸಾವಿರ, ಬಾಕ್ಸಿಗೆ 15 ಅಂದ್ರೆ ಬಾಡಿಗೆ 90 ಸಾವಿರ. 11 ಲಕ್ಷದ ಗಾಡಿಗೆ ಒಡವೆ ದುಡ್ಡೂ ಸೇರಿ 3 ಲಕ್ಷ ಕಟ್ಟಿ 8 ಲಕ್ಷ ಲೋನ್ ತಗೊಂಡ್ರೆ, 11 ಪರ್ಸೆಂಟ್ ಬಡ್ಡಿ, ಐದು ವರ್ಷ, ತಿಂಗಳಿಗೆ ಹತ್ರತ್ರ 17,400 ರೂಪಾಯಿ ಕಂತು. ವರ್ಷಕ್ಕೆ 2 ಲಕ್ಷ 9 ಸಾವಿರ. 90 ಸಾವಿರ ಉಳಿಸೋಕೆ 2 ಲಕ್ಷ 9 ಸಾವಿರ ಕಟ್ಟೋದು, ಡೀಸೆಲ್ಲು ಇನ್ಶೂರೆನ್ಸು ಇನ್ನೂ ಸೇರಿಸಿಲ್ಲ. ಮಿಕ್ಕಿದ್ದನ್ನ ಬೇರೆಯವರ ಮಾಲು ಹೊತ್ತು ದುಡೀಬೇಕು, ಅಂದ್ರೆ ನೀವು ರೈತರಾಗಿ ಗಾಡಿ ತಗೊಂಡು ಡ್ರೈವರ್ ಆಗ್ತೀರ, ತೋಟ ನೋಡೋರು ಯಾರು?

ಇನ್ನು ಆ ಕಂತು. ಟೊಮೆಟೊ ರೇಟು ಯಾರ ಮಾತೂ ಕೇಳಲ್ಲ, ಕಂತು ಮಾತ್ರ ಪ್ರತಿ ತಿಂಗಳು ಅದೇ ತಾರೀಖಿಗೆ ಬಂದು ಬಾಗ್ಲು ತಟ್ಟುತ್ತೆ. 2023ರ ಜುಲೈ ನೆನಪಿದೆಯಲ್ಲಾ, ಕೋಲಾರದಲ್ಲಿ 15 ಕೆಜಿ ಬಾಕ್ಸು 2 ಸಾವಿರ ದಾಟಿತ್ತು, ತೋಟಕ್ಕೆ ರಾತ್ರಿ ಕಾವಲು ಕೂತಿದ್ರು ಜನ. ಸೆಪ್ಟೆಂಬರ್ ಬರೋಷ್ಟ್ರಲ್ಲಿ ಅದೇ ಮಾರ್ಕೆಟ್ಟು ಕುಸಿದು ಹೋಯ್ತು. ಆ ಎರಡು ತಿಂಗಳ ದುಡ್ಡು ನೋಡ್ಕೊಂಡು ನಮ್ಮ ಬೀದಿಲೇ ಮೂರು ಮನೆಯವರು ಹೊಸ ಪಿಕಪ್ ತಂದು ಹೂವಿನ ಹಾರ ಹಾಕಿ ನಿಂಬೆಹಣ್ಣು ಹತ್ತಿಸಿದ್ರು. ಇವತ್ತು ಒಂದು ಗಾಡಿ ಉಳಿದಿದೆ. ಎರಡನ್ನ ಫೈನಾನ್ಸ್‌ನವರು ಬೆಳಗ್ಗೆ ಐದು ಗಂಟೆಗೆ ಬಂದು ತಗೊಂಡೋದ್ರು, ಒಂದರಲ್ಲಿ ಹಿಂದಿನ ರಾತ್ರಿ ತುಂಬಿಸಿಟ್ಟಿದ್ದ ಬದನೆಕಾಯಿ ಹಾಗೇ ಇತ್ತು, ಅದನ್ನ ಮನೆ ಹೆಂಗಸರು ಇಳಿಸ್ಕೊಳ್ತಿದ್ದಿದ್ದನ್ನ ನಾನು ನಿಂತು ನೋಡಿದೀನಿ. ಅದಕ್ಕೇ ನಿಮ್ಮ ಪತ್ರದಲ್ಲಿ ಒಡವೆ ಅನ್ನೋ ಪದ ಓದಿದಾಗ ಎದೆ ಧಸಕ್ ಅಂತು. ಒಡವೆ ಮುಟ್ಟಬೇಡಿ.

ಹಳೇ ಗಾಡಿ ಲೆಕ್ಕ ನೋಡಿ. 4 ಲಕ್ಷ 80 ಸಾವಿರ ಕೇಳೋ ಗಾಡಿನ, ಜಿಎಸ್‌ಟಿ ಇಳಿದ ಮಾತನ್ನೇ ಮುಂದಿಟ್ಟು ಚೌಕಾಸಿ ಮಾಡಿ, ನಾಲ್ಕೂವರೆಗೆ ತನ್ನಿ. ನಿಮ್ಮ 2 ಲಕ್ಷದಲ್ಲಿ ಒಂದೂವರೆ ಕೊಟ್ಟು 50 ಸಾವಿರ ರಿಪೇರಿಗೆ ಅಂತ ಬೇರೆ ಇಡಿ, 3 ಲಕ್ಷ ಲೋನ್. ಹಳೇ ಗಾಡಿಗೆ ಬಡ್ಡಿ ಜಾಸ್ತಿ, 15 ಪರ್ಸೆಂಟೇ ಅಂದ್ಕೊಳ್ಳಿ, ಮೂರು ವರ್ಷಕ್ಕೆ ತಿಂಗಳ ಕಂತು 10,400. ಒಟ್ಟು ಬಡ್ಡಿ 75 ಸಾವಿರದ ಒಳಗೆ, ಹೊಸದರಲ್ಲಿ ಬಡ್ಡಿನೇ 2 ಲಕ್ಷ 40 ಸಾವಿರ ದಾಟುತ್ತೆ. ಪಕ್ಕದ ತೋಟದ ಇಬ್ಬರ ಮಾಲು ಹೊತ್ರೆ ಕಂತು ಹುಟ್ಟುತ್ತೆ, ರೇಟು ಬಿದ್ದ ವರ್ಷವೂ ಉಸಿರಾಡಬಹುದು. ಥರ್ಡ್ ಪಾರ್ಟಿ ಇನ್ಶೂರೆನ್ಸು ಹಳೇದಾದ್ರೂ ಹೊಸದಾದ್ರೂ ಒಂದೇ, ಏಳೂವರೆ ಟನ್ನಿನ ಒಳಗಿನ ಗೂಡ್ಸ್ ಗಾಡಿಗೆ 2022ರಲ್ಲಿ ಕಟ್ಟಿದ ದರ 16,049 ರೂಪಾಯಿ.

ನಿಮ್ಮ ತಮ್ಮ ಟೊಯೋಟಾ ಹೈಲಕ್ಸು, ಇಸುಜು ವಿ-ಕ್ರಾಸು ಅಂತ ಹಠ ಹಿಡಿದಿದಾನೆ ಅಂತಾನೂ ಬರೆದಿದೀರ. ಹೈಲಕ್ಸ್ ನಮ್ಮ ಬಿಡದಿಲೇ ತಯಾರಾಗುತ್ತೆ, 2022ರಲ್ಲಿ ಬಂದಾಗಲೇ 34 ಲಕ್ಷದ ಹತ್ರ ಇತ್ತು, ಬಹಳ ಗಟ್ಟಿ ಗಾಡಿ, ಆದ್ರೆ ಇಲ್ಲಿ ಸಿಗೋ ಡಬಲ್ ಕ್ಯಾಬಿನ್ ಗಾಡಿಯ ಹಿಂದೆ ಹೊರೋದು ಅರ್ಧ ಟನ್ನಿಗಿಂತ ಕಮ್ಮಿ. ಮೂವತ್ತು ಬಾಕ್ಸು ಹಿಡಿಸಲ್ಲ. ಇಸುಜು ಡಿ-ಮ್ಯಾಕ್ಸ್‌ನ ಸಿಂಗಲ್ ಕ್ಯಾಬ್ ಆದ್ರೆ ಒಂದು ಟನ್ನಿನ ಮೇಲೆ ಹೊರುತ್ತೆ, ಅದು ದುಡಿಯೋ ಗಾಡಿನೇ, ಆದ್ರೆ ಮುಳಬಾಗಿಲಲ್ಲಿ ಕೆಟ್ಟು ನಿಂತ್ರೆ ಪಾರ್ಟು ಯಾವ ಅಂಗಡಿಲಿ ಸಿಗುತ್ತೆ ಅಂತ ಮೊದ್ಲು ವಿಚಾರಿಸಿ ಅನ್ನಿ ತಮ್ಮನಿಗೆ.

ನಾನು ಇಷ್ಟು ಹೇಳ್ತಿರೋದಕ್ಕೆ ಮೂಲ ಈ ರಿಪೇರಿ ಮಾತಲ್ಲೇ ಇದೆ. ಗಾಡಿ ಯಾರದು ಅಂತ ಆರ್‌ಸಿಲಿ ಬರೆದಿರುತ್ತೆ, ಆದ್ರೆ ಕೆಟ್ಟಾಗ ಅದನ್ನ ಬಿಚ್ಚೋ ಹಕ್ಕು, ಬಿಚ್ಚೋ ಕೈ ನಮ್ಮ ಊರಲ್ಲಿ ಇಲ್ದಿದ್ರೆ ಅದು ಪೂರ್ತಿ ನಮ್ಮದಲ್ಲ ಅಂತ ನನ್ನ ನಂಬಿಕೆ.

90ರ ದಶಕದಲ್ಲಿ ನಮ್ಮಣ್ಣನ ಹತ್ರ ಒಂದು ಮೆಟಡೋರ್ ಇತ್ತು, ನಾವು ತಗೊಳ್ಳೋ ಹೊತ್ತಿಗೆ ನಾಲ್ಕನೇ ಕೈ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ರೇಷ್ಮೆಗೂಡು ಹೊಡೀತಿದ್ವಿ. ಗೂಡು ಕಾಯಲ್ಲ, ಒಳಗೆ ಚಿಟ್ಟೆ ಆಗೋದ್ರೊಳಗೆ ಮಾರಬೇಕು. ಒಂದು ರಾತ್ರಿ ಎಚ್ ಕ್ರಾಸ್ ಹತ್ರ ಇಂಜಿನ್ ಆಫ್ ಆಯ್ತು. ಟೀ ಅಂಗಡಿ ಪಕ್ಕದಲ್ಲಿ ಮಲಗಿದ್ದ ಮೆಕ್ಯಾನಿಕ್ಕನ್ನ ಎಬ್ಬಿಸಿದ್ವಿ, ಅವನು ಬಾನೆಟ್ ಎತ್ತಿ ಟಾರ್ಚು ನನ್ನ ಕೈಗೆ ಕೊಟ್ಟು ಡೀಸೆಲ್ ಫಿಲ್ಟರ್ ಮೇಲಿನ ಸ್ಕ್ರೂ ಒಂಚೂರು ಸಡಿಲ ಮಾಡಿ ಕೈ ಪಂಪು ಒತ್ತೋಕೆ ಶುರು ಮಾಡಿದ. ಮೊದ್ಲು ಬರೀ ನೊರೆ, ಬುಸ ಬುಸ ಅಂತ ಗುಳ್ಳೆ. ಒತ್ತುತ್ತಾ ಒತ್ತುತ್ತಾ ಗುಳ್ಳೆ ಸಣ್ಣದಾಗಿ ಕೊನೆಗೆ ಗುಳ್ಳೆ ಇಲ್ದೆ ಡೀಸೆಲ್ಲು ದಾರದ ಥರ ಬಂತು, ತಕ್ಷಣ ಸ್ಕ್ರೂ ಬಿಗಿ ಮಾಡಿ "ಹೊಡೀರಿ ಸೆಲ್ಫು" ಅಂದ. ಇಪ್ಪತ್ತು ನಿಮಿಷ. ಗೂಡು ಹರಾಜಿಗೆ ಮುಂಚೆ ತಲುಪಿತು. ಡೀಸೆಲ್ ಪೈಪಲ್ಲಿ ಗಾಳಿ ಸಿಕ್ಕಾಕೊಳ್ಳೋ ಈ ಏರ್ ಲಾಕ್ ಅಂದ್ರೇನು ಅಂತ ನಾನು ಆವತ್ತು ಕಲಿತೆ, ಇವತ್ತಿಗೂ ನಾನೇ ತೆಗೀತೀನಿ.

ಈಗ ಹೋದ ವರ್ಷದ ಮಾತು. ನನ್ನ ಬಾಮೈದನ ಹೊಸ ಪಿಕಪ್ಪು, ಕಂಪನಿ ಹೆಸರು ಇಲ್ಲಿ ಬೇಡ, 14 ತಿಂಗಳಾಗಿತ್ತು. ತೋಟದಿಂದ ಊರಿಗೆ, ಊರಿಂದ ತೋಟಕ್ಕೆ ಸಣ್ಣ ಸಣ್ಣ ಓಡಾಟ. 2020ರ ಏಪ್ರಿಲ್‌ನಿಂದ ಬಿಎಸ್-6 ಅನ್ನೋ ಹೊಗೆ ನಿಯಮ ಬಂತಲ್ಲ, ಆ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯೋಕೆ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತೆ, ಒಂದಷ್ಟು ದೂರ ಒಂದೇ ಸಮ ಓಡಿ ಕಾವೇರಿದ್ರೆ ಆ ಮಸಿ ಉರಿದು ಹೋಗುತ್ತೆ, ಇಲ್ದಿದ್ರೆ ಕಟ್ಕೊಳ್ಳುತ್ತೆ. ಕಟ್ಕೊಂಡ್ತು. ಲೈಟ್ ಬಂತು, ಗಾಡಿ ಏರು ಎತ್ತೋದೇ ನಿಲ್ಲಿಸ್ತು. ಊರಿನ ಮೆಕ್ಯಾನಿಕ್ ಕೈ ಮುಗಿದ, ಲ್ಯಾಪ್‌ಟಾಪ್ ಹಾಕದೆ ಏನೂ ಮಾಡೋಕಾಗಲ್ಲ ಅಣ್ಣ ಅಂದ. ಸರ್ವಿಸ್ ಸೆಂಟರ್‌ನಲ್ಲಿ ಆರು ದಿನ. ಆ ಆರು ದಿನ ಕೊಯ್ದ ಮಾಲಿಗೆ ಬಾಡಿಗೆ ಗಾಡಿ, ಜೊತೆಗೆ ಅದೇ ವಾರ ಕಂತು. ನಿಮ್ಮ ಮಾರ್ಕೆಟ್ ದಾರಿ ಹೈವೇಲಿ ಒಂದು ಕಡೆಗೆ 30 ಕಿಲೋಮೀಟರ್ ಚಿಲ್ಲರೆ ಇರೋದ್ರಿಂದ ನಿಮಗೆ ಇಷ್ಟು ತೊಂದ್ರೆ ಆಗದೇ ಇರಬಹುದು, ಆದ್ರೂ ಗೊತ್ತಿರಲಿ.

ನಾನು ಹೊಗೆ ಕಮ್ಮಿ ಮಾಡೋದಕ್ಕೆ ವಿರೋಧಿ ಅಲ್ಲ. ನನ್ನ ಸಂಕಟ ಏನಂದ್ರೆ ಆ ಲ್ಯಾಪ್‌ಟಾಪು, ಆ ಸಾಫ್ಟ್‌ವೇರು, ಆ ವಿದ್ಯೆ ನಮ್ಮೂರ ಹುಡುಗನಿಗೆ ಯಾಕೆ ಸಿಗಲ್ಲ? ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿದ ಹುಡುಗರು ಊರಲ್ಲಿ ಗ್ಯಾರೇಜ್ ಹಾಕ್ದೆ ನರಸಾಪುರ, ವೇಮಗಲ್ ಫ್ಯಾಕ್ಟರಿಗಳಲ್ಲಿ ಕಾಂಟ್ರಾಕ್ಟ್ ಮೇಲೆ ಶಿಫ್ಟ್ ಮಾಡ್ತಿದಾರೆ. ಗ್ರೀಸ್ ಮೆತ್ತಿದ ಕೈ ಅಂದ್ರೆ ಹೆಣ್ಣು ಕೊಡಲ್ಲ ಅಂತಾರೆ, ಸೆಕೆಂಡ್ ಹ್ಯಾಂಡ್ ಗಾಡಿ ಅಂದ್ರೂ ಮರ್ಯಾದೆ ಕಮ್ಮಿ ಅಂತಾರೆ. ಮನೆ ಮುಂದೆ ಹೊಸ ಗಾಡಿ ನಿಂತಿರಬೇಕು, ಅದರ ಮೇಲೆ ಸಾಲ ಎಷ್ಟಿದೆ ಅಂತ ಯಾರೂ ಕೇಳಲ್ಲ. ಬೆಳೆ ಸಾಲಕ್ಕೆ ಹತ್ತು ಸಲ ಅಲೆಸೋರು ಗಾಡಿ ಸಾಲಕ್ಕೆ ತಾವೇ ಮನೆಗೆ ಬಂದು ಸೈನ್ ಹಾಕಿಸ್ಕೊಂಡು ಹೋಗ್ತಾರೆ, ಇದು ಯಾಕೆ ಅಂತ ನಾವು ಯೋಚ್ನೆ ಮಾಡಬೇಡ್ವಾ?

ಸರಿ, ಗಾಡಿಗೆ ಬರಣ. ಹಳೇದು ಅಂದ ಮಾತ್ರಕ್ಕೆ ಯಾವುದೋ ಒಂದು ಅಲ್ಲ. ಟೊಮೆಟೊ ಹೊಡೆದಿರೋ ಗಾಡಿ ಬೇಡವೇ ಬೇಡ. ಕಾರಣ ಹೇಳ್ತೀನಿ: ಕ್ರೇಟ್ ಸೇರಿ ಒಂದು ಬಾಕ್ಸು ಹದಿನಾರೂವರೆ ಕೆಜಿ ಹಿಡೀರಿ, 1.7 ಟನ್ನಿನ ಪಿಕಪ್ಪಿಗೆ 100 ಬಾಕ್ಸು ಸರಿಯಾದ ಲೋಡು, 1.3 ಟನ್ನಿಂದಕ್ಕೆ 78. ನಮ್ಮ ಕಡೆ ಹಾಕೋದು ಎಷ್ಟು ಅಂತ ನಿಮಗೇ ಗೊತ್ತು, ಎಕ್ಸ್‌ಟ್ರಾ ಸ್ಪ್ರಿಂಗ್ ಪ್ಲೇಟು ಹಾಕ್ಸಿ 150 ಏರಿಸ್ತಾರೆ. ಜೊತೆಗೆ ಒಡೆದ ಹಣ್ಣಿನ ಹುಳಿ ರಸ. ಅದು ಬಾಡಿಯ ತಗಡಿನ ಜಾಯಿಂಟಲ್ಲಿ ಇಳಿದು ಕೆಳಗಿನ ಅಡ್ಡಪಟ್ಟಿ ಮೇಲೆ ಕೂರುತ್ತೆ, ಮೇಲಿಂದ ನೋಡಿದ್ರೆ ಹೊಸ ಪೇಂಟು, ಕೆಳಗೆ ಮಲಗಿ ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿದ್ರೆ ತಗಡು ಹಪ್ಪಳದ ಥರ ಪುಡಿ ಆಗುತ್ತೆ. ನಾನು ಹೋದ ತಿಂಗಳು ಒಂದು ಗಾಡಿ ಹಾಗೇ ಚುಚ್ಚಿ ನೋಡಿ ಬಿಟ್ಟು ಬಂದೆ. ಬೆಂಗಳೂರು, ಹೊಸಕೋಟೆ ಕಡೆ ಬೇಕರಿಗೋ ಫರ್ನಿಚರ್ ಅಂಗಡಿಗೋ ಓಡಿದ ಸಿಂಗಲ್ ಓನರ್ ಗಾಡಿ ಹುಡುಕಿ. ಸಿಟಿ ಟ್ರಾಫಿಕ್ಕಲ್ಲಿ ಕ್ಲಚ್ ಸವೆದಿರುತ್ತೆ, ಇರಲಿ, ಕ್ಲಚ್ ಬದಲಾಯಿಸಬಹುದು, ಚಾಸಿ ಬದಲಾಯಿಸೋಕಾಗಲ್ಲ.

ಕ್ಯಾಬಿನ್ ಹಿಂದೆ ಚಾಸಿ, ಅಂದ್ರೆ ಗಾಡಿಯ ಕಬ್ಬಿಣದ ಅಡಿಗಟ್ಟಿನ ಮೇಲೆ ವೆಲ್ಡಿಂಗ್ ಗುರುತಿದ್ರೆ ಅಲ್ಲಿಂದಲೇ ವಾಪಸ್ ಬನ್ನಿ. ಇಂಜಿನ್ ಓಡ್ತಿರುವಾಗ ಆಯಿಲ್ ಕ್ಯಾಪ್ ತೆಗೀರಿ, ಬೀಡಿ ಹೊಗೆಯಷ್ಟು ಬಂದ್ರೆ ಪರವಾಗಿಲ್ಲ, ಒಲೆ ಥರ ಉಗುಳಿದ್ರೆ ಇಂಜಿನ್ ಕೆಲಸ ಬಂದಿದೆ ಅಂತ. ಮೀಟರ್ ನಂಬಬೇಡಿ, ಬ್ರೇಕ್ ಪೆಡಲಿನ ರಬ್ಬರ್ ನಂಬಿ, ಸವೆದು ಕಬ್ಬಿಣ ಹೊಳೀತಿದ್ರೆ 60 ಸಾವಿರ ಕಿಲೋಮೀಟರ್ ಅನ್ನೋದು ಸುಳ್ಳು. ಲೋಡ್ ಹಾಕ್ಸಿ ಓಡಿಸಿ, ಖಾಲಿ ಗಾಡಿ ಎಲ್ಲಾ ಚೆನ್ನಾಗೇ ಓಡುತ್ತೆ, ಹಿಂದಿನ ಹೌಸಿಂಗ್‌ನಿಂದ (ಹಿಂದಿನ ಚಕ್ರಗಳ ನಡುವೆ ಗೇರು ಇರೋ ಗುಂಡು ಡಬ್ಬಿ) ಗುಂಯ್ ಅಂತ ಸದ್ದು ಬರುತ್ತಾ ಕಿವಿ ಕೊಡಿ.

ಪೇಪರ್ ವಿಷಯದಲ್ಲಿ ನಾಚಿಕೆ, ದಾಕ್ಷಿಣ್ಯ ಎರಡೂ ಬೇಡ. ಎಂ-ಪರಿವಾಹನ್‌ ಆ್ಯಪ್‌ನಲ್ಲಿ ನಂಬರ್ ಹಾಕಿ ಲೋನ್ ಇದೆಯಾ, ಚಲನ್ ಬಾಕಿ ಇದೆಯಾ ನೋಡಿ. ಲೋನ್ ತೀರಿದ್ರೆ ಫೈನಾನ್ಸ್‌ನವರ ಎನ್‌ಒಸಿ, ಆರ್‌ಸಿಯಿಂದ ಲೋನ್ ತೆಗೆಸೋ ಫಾರಂ 35 ಕೇಳಿ. ಹೆಸರು ಬದಲಾಯಿಸೋ ಫಾರಂ 29, 30ಕ್ಕೆ ಸೈನ್ ಹಾಕಿಸ್ಕೊಂಡು ಬೀರುವಲ್ಲಿ ಇಡೋ ಅಭ್ಯಾಸ ನಮ್ಮ ಕಡೆ ಬಹಳ, ಅದು ಬೇಡ, ಕೊಂಡೋರು 30 ದಿನದೊಳಗೆ ಹೆಸರಿಗೆ ಮಾಡಿಸ್ಕೊಳ್ಳೋಕೆ ಅರ್ಜಿ ಹಾಕಬೇಕು ಅಂತ ಕಾನೂನೇ ಇದೆ. ಇನ್ಶೂರೆನ್ಸನ್ನ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸೋಕೆ ಬರೆದು ಕೊಡಿ. ಹಳೇ ಓನರ್‌ದು ನೋ ಕ್ಲೇಮ್ ಬೋನಸ್, ಅಂದ್ರೆ ಕ್ಲೇಮ್ ಮಾಡದೆ ಇದ್ದಿದ್ದಕ್ಕೆ ಸಿಗೋ ರಿಯಾಯ್ತಿ, ನಿಮಗೆ ಬರಲ್ಲ, ಅದು ಅವರದ್ದು. ಲೈಸೆನ್ಸ್ ಬಗ್ಗೆ ಕೇಳಿದೀರ, ಕಾರಿನ ಎಲ್‌ಎಂವಿ (ಲೈಟ್ ಮೋಟಾರ್ ವೆಹಿಕಲ್) ಲೈಸೆನ್ಸ್ ಸಾಕು, ಏಳೂವರೆ ಟನ್ನಿನೊಳಗಿನ ಗಾಡಿಗೆ ಬೇರೆ ಬ್ಯಾಡ್ಜ್ ಬೇಡ ಅಂತ ಸುಪ್ರೀಂ ಕೋರ್ಟಿನ ಐದು ಜಡ್ಜ್‌ಗಳ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ.

ಇನ್ನೊಂದು, ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಕೊಯ್ಲಿಗೆ ಬರೋ ಹೆಣ್ಣುಮಕ್ಕಳನ್ನ ಹಿಂದೆ ನಿಲ್ಲಿಸ್ಕೊಂಡು ಹೋಗಬೇಡಿ. ಗೂಡ್ಸ್ ಗಾಡಿಲಿ ಜನ ಹತ್ತಿಸೋದು ಕಾನೂನಿಗೂ ವಿರುದ್ಧ, ಏನಾದ್ರೂ ಆದ್ರೆ ಇನ್ಶೂರೆನ್ಸ್‌ನವರು ಕೈ ಎತ್ತುತಾರೆ, ಆಮೇಲೆ ಆ ಮನೆಗಳ ಮುಂದೆ ತಲೆ ಎತ್ತಿ ಓಡಾಡೋಕಾಗಲ್ಲ. ಆಟೋಗೆ ದುಡ್ಡು ಕೊಟ್ಟು ಕಳಿಸಿ.

ಗಾಡಿ ನೋಡೋಕೆ ಹೋಗೋವಾಗ ನಿಮ್ಮ ಅಪ್ಪನ್ನ ಕರ್ಕೊಂಡೋಗಿ, ಹಳೇ ಮೆಸ್ಸಿ ಟ್ರ್ಯಾಕ್ಟರನ್ನ 22 ವರ್ಷ ಅವರೇ ನೋಡ್ಕೊಂಡ್ರು ಅಂತ ನೀವೇ ಬರೆದಿದೀರ, ಆ ಕಿವಿಗೆ ಇಂಜಿನ್ ಸದ್ದು ಗೊತ್ತಾಗುತ್ತೆ. ಬೆಳಗ್ಗೆ ಆರೂವರೆಗೆಲ್ಲಾ ಅಲ್ಲಿರಿ, ಬರ್ತೀವಿ ಅಂತ ಮುಂಚೆ ಫೋನ್ ಮಾಡಬೇಡಿ. ಬಾನೆಟ್ ಎತ್ತಿಸಿ ಮೊದ್ಲು ಇಂಜಿನ್ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ರೆ ಅವರು ಆಗಲೇ ಒಂದ್ಸಲ ಸ್ಟಾರ್ಟ್ ಮಾಡಿಟ್ಟಿದಾರೆ ಅಂತ, ಚಹಾ ಕುಡಿದು ಬಂದ್ಬಿಡಿ, ಇನ್ನೊಂದು ದಿನ ಹೋಗಿ. ತಣ್ಣಗಿದ್ರೆ ಕೀ ನಿಮ್ಮ ಅಪ್ಪನ ಕೈಗೆ ಕೊಡಿ.