ದಿನಾ ಓಡ್ಸೋ ಕಾರಿಗೆ ಮುಂದಿನ ಚಕ್ರ, ಹಿಂದಿನ ಚಕ್ರ ಅನ್ನೋದು ಅಷ್ಟು ಮುಖ್ಯನಾ?

ನೀವು ಕೇಳಿದ್ದು ಇಷ್ಟು: ಮನೆ ತೀರ್ಥಹಳ್ಳಿ ಹತ್ರ, ಮನೇಲಿ ಏಳು ಜನ, ತಿಂಗಳಿಗೆ ಎರಡು ಸಲನಾದ್ರೂ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗ್ಬೇಕು, ಹಳೇ ಟೊಯೋಟಾ ಇನ್ನೋವಾ ಕೊಟ್ಟು ಅದೇ ಹೆಸರಿನ ಹೊಸ ಗಾಡಿ ಇನ್ನೋವಾ ಹೈಕ್ರಾಸ್ ತಗೊಳ್ಳೋ ಯೋಚನೆ, ಆದ್ರೆ ಕಾರ್ ಹುಚ್ಚಿರೋ ಸ್ನೇಹಿತರು "ಅದು ಇನ್ನೋವಾನೇ ಅಲ್ಲ, ಫ್ರಂಟ್ ವೀಲ್ ಡ್ರೈವ್, ಅಂದ್ರೆ ಇಂಜಿನ್ ತಿರುಗಿಸೋದು ಮುಂದಿನ ಚಕ್ರನ, ಬರೀ ಹೆಸರು ಇಟ್ಕೊಂಡಿದೆ" ಅಂತಾರೆ, ಅದನ್ನ ನಂಬ್ಬೇಕಾ ಬಿಡ್ಬೇಕಾ ಅಂತ. ನಾನೂ ಮಲೆನಾಡಿನವನೇ, ಸಾಗರದ ಕಡೆ, ಕಾರ್ ಅಂದ್ರೆ ಚಿಕ್ಕಂದಿನಿಂದ ಜೀವ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ನಿಮ್ಮ ಸ್ನೇಹಿತರು ಹೇಳಿದ ವಿಷಯ ಸರಿ ಇದೆ, ತೀರ್ಮಾನ ಮಾತ್ರ ನನಗೆ ಒಪ್ಪಿಗೆ ಆಗ್ಲಿಲ್ಲ. 2000ದಲ್ಲಿ ಬಂದ ಕ್ವಾಲಿಸ್, 2005ರ ಇನ್ನೋವಾ, 2016ರ ಕ್ರಿಸ್ಟಾ, ಇವೆಲ್ಲ ನಮ್ಮ ಬಿಡದಿಯಲ್ಲೇ ತಯಾರಾದ ಗಾಡಿಗಳು, ಮೂರಕ್ಕೂ ಅಡಿಯಲ್ಲಿ ಲಾರಿ ಥರ ಬೇರೆ ಚಾಸಿಸ್ (ಬಾಡಿ ಹೊರೋ ಉಕ್ಕಿನ ಚೌಕಟ್ಟು), ಇಂಜಿನ್ ಉದ್ದಕ್ಕೆ ಕೂತಿರ್ತದೆ, ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟ್ ಅನ್ನೋ ತಿರುಗೋ ಉದ್ದನೆ ಕಂಬಿ ಹಿಂದಿನ ಎರಡು ಚಕ್ರದ ನಡುವೆ ಗೇರ್ ಇರೋ ಹೌಸಿಂಗ್‌ಗೆ ಹೋಗಿ ಹಿಂದಿನ ಚಕ್ರ ತಿರುಗಿಸ್ತದೆ. 2022ರ ಕೊನೆಗೆ ಬಂದ ಹೈಕ್ರಾಸ್‌ನಲ್ಲಿ ಇದ್ಯಾವ್ದೂ ಇಲ್ಲ. ಬಾಡಿನೇ ಚಾಸಿಸ್, ಇಂಜಿನ್ ಅಡ್ಡಕ್ಕೆ, ಎಳೆಯೋದು ಮುಂದಿನ ಚಕ್ರ, ಡೀಸೆಲ್ ಇಲ್ಲ, ಮ್ಯಾನುವಲ್ ಗೇರೂ ಇಲ್ಲ. ಅಂದ್ರೆ ಹೆಸರೊಂದು ಬಿಟ್ರೆ ಕೆಳಗಡೆ ಪೂರ್ತಿ ಬೇರೆ ಗಾಡಿ. ಆದ್ರೆ ಇದನ್ನ ಮೋಸ ಅಂತ ನಾನು ಕರೆಯಲ್ಲ ಯಾಕಂದ್ರೆ ಟೊಯೋಟಾದವರೇ ಕ್ರಿಸ್ಟಾನ ಡೀಸೆಲ್ ಮ್ಯಾನುವಲ್ ರೂಪದಲ್ಲಿ 2023ರಲ್ಲಿ ಮತ್ತೆ ತಂದು ಪಕ್ಕದಲ್ಲೇ ಇಟ್ರು, ಯಾರಿಗೆ ಯಾವ್ದು ಬೇಕೋ ಆರಿಸ್ಕೊಳ್ಳಿ ಅಂತ.

ನನಗೆ ನಿಜವಾಗ್ಲೂ ಹೊಟ್ಟೆಗೆ ಬೆಂಕಿ ಬಿದ್ದಂಗಾಗಿದ್ದು ಸಫಾರಿ ವಿಷಯದಲ್ಲಿ. 1998ರಲ್ಲಿ ಬಂದ ಟಾಟಾ ಸಫಾರಿ ಅಂದ್ರೆ ಎತ್ತರದ ಚಾಸಿಸ್ ಗಾಡಿ, ಹಿಂದಿನ ಚಕ್ರ, ಬೇಕಂದ್ರೆ ನಾಲ್ಕೂ ಚಕ್ರ ಎಳೆಯೋ ಫೋರ್ ಬೈ ಫೋರ್ ಸಿಗ್ತಿತ್ತು, ಹಿಂದಿನ ಬಾಗಿಲಿಗೆ ಸ್ಟೆಪ್ನಿ ನೇತಾಕ್ಕೊಂಡು ನಿಂತ್ರೆ ಅದರ ಗತ್ತೇ ಬೇರೆ. 2021ರಲ್ಲಿ ಅದೇ ಹೆಸರನ್ನ ತಮ್ಮದೇ ಹ್ಯಾರಿಯರ್ ಕಾರಿನ ಮೂರು ಸಾಲು ಸೀಟಿನ ರೂಪಕ್ಕೆ ಇಟ್ರು, 2020ರ ಆಟೋ ಎಕ್ಸ್‌ಪೋದಲ್ಲಿ ಅದೇ ಗಾಡಿನ ಗ್ರಾವಿಟಾಸ್ ಅಂತ ತೋರಿಸಿದ್ರು, ಅದೇ ಹೆಸರಲ್ಲಿ ಬಂದಿದ್ರೆ ನನಗೆ ಯಾವ ತಕರಾರೂ ಇರ್ಲಿಲ್ಲ. ಒಳ್ಳೇ ಗಾಡಿನೇ ಅದು, ಹೈವೇಯಲ್ಲಿ ಹಳೇದಕ್ಕಿಂತ ಎಷ್ಟೋ ಗಟ್ಟಿಯಾಗಿ ನಿಲ್ತದೆ, ಆದ್ರೆ ಫೋರ್ ಬೈ ಫೋರ್ ಇಲ್ಲದೆ ಬಂದಾಗ ಆ ಹೆಸರು ಇಡಬಾರದಿತ್ತು ಅಂತ ಈಗ್ಲೂ ಅನಿಸ್ತದೆ.

ಮುಂದಿನ ಚಕ್ರದ ಗಾಡಿ ಅಂದ್ರೆ ಕಮ್ಮಿ ದರ್ಜೆ ಅನ್ನೋ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ ಮಾರಾಯ್ರೆ. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಎಲ್ಲದೂ ಹಿಂದಿನ ಚಕ್ರನೇ, ಹಿಂದೆ ನಡುವಿನ ಸೀಟಲ್ಲಿ ಕೂತವರ ಕಾಲಡಿಗೆ ಶಾಫ್ಟ್ ಹೋಗೋ ಉಬ್ಬು ಇರ್ತಿತ್ತು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು, 796 ಸಿಸಿ, ಮೂರು ಸಿಲಿಂಡರ್, ಇಂಜಿನ್ನು ಗೇರ್‌ಬಾಕ್ಸು ಆಕ್ಸಲ್ಲು ಎಲ್ಲ ಮುಂದೇನೇ ಒಂದೇ ಗಂಟು, ಹಿಂದೆ ಬರೀ ಉರುಳೋ ಚಕ್ರ. ಶಾಫ್ಟ್ ಇಲ್ಲ, ಹೌಸಿಂಗ್ ಇಲ್ಲ, ತೂಕ ಕಮ್ಮಿ, ಖರ್ಚು ಕಮ್ಮಿ, ಅಷ್ಟು ಪುಟ್ಟ ಕಾರಲ್ಲಿ ನಾಲ್ಕು ಜನ ಕೂರೋಕೆ ಜಾಗ ಸಿಕ್ಕಿದ್ದೇ ಇದರಿಂದ. ಇಂಜಿನ್ನಿನ ಭಾರ ಎಳೆಯೋ ಚಕ್ರದ ಮೇಲೇ ಇರೋದ್ರಿಂದ ಮಳೇಲಿ ಸಪಾಟು ರಸ್ತೇಲಿ ಹಿಡಿತನೂ ಚೆನ್ನಾಗಿರ್ತದೆ. 2014ರವರೆಗೆ ತಯಾರಾಯ್ತು ಆ ಕಾರು.

ನಾನು ದಿನಾ ಓಡ್ಸೋದು ವ್ಯಾಗನ್ ಆರ್. ಕಾರ್ ಪ್ರೇಮಿಗಳು ಅನ್ನಿಸ್ಕೊಂಡವರು ಅದನ್ನ ಡಬ್ಬ ಅಂತಾರೆ, ಆ ಮಾತು ಕೇಳಿದ್ರೆ ನನಗೆ ಬೇಜಾರಾಗ್ತದೆ. ನಮ್ಮಮ್ಮನಿಗೆ ಮಂಡಿ ನೋವು, ತಗ್ಗಿನ ಸೆಡಾನ್‌ಗೆ ಬಗ್ಗಿ ಇಳಿಯೋಕೆ ಆಗಲ್ಲ, ದೊಡ್ಡ ಗಾಡಿಗೆ ಹತ್ತೋಕೂ ಆಗಲ್ಲ, ಇದರಲ್ಲಿ ಕುರ್ಚಿ ಮೇಲೆ ಕೂತಂಗೆ ಹಿಂದಕ್ಕೆ ಸರಿದು ಕೂತ್ಕೊಳ್ತಾರೆ ಅಷ್ಟೇ. ಆ ಸೀಟು ಅಷ್ಟೇ ಎತ್ತರದಲ್ಲಿ ಇರ್ಬೇಕು ಅಂತ ಯಾರೋ ಒಬ್ಬ ಇಂಜಿನಿಯರ್ ಕೂತು ಲೆಕ್ಕ ಹಾಕಿದಾನಲ್ಲ, ಅದೂ ಇಂಜಿನಿಯರಿಂಗೇ, ಸೊನ್ನೆಯಿಂದ ನೂರು ಎಷ್ಟು ಸೆಕೆಂಡು ಅನ್ನೋದು ಮಾತ್ರ ಅಲ್ಲ.

ಈಗ ನಿಮ್ಮ ಊರಿನ ವಿಷಯಕ್ಕೆ ಬರ್ತೀನಿ, ಅಸಲು ಇರೋದು ಇಲ್ಲೇ. ಏರು ಹತ್ತುವಾಗ ಗಾಡಿಯ ಭಾರ ಹಿಂದಕ್ಕೆ ಸರಿತದೆ. ಅದರ ಮೇಲೆ ಮೂರನೇ ಸಾಲಲ್ಲಿ ಜನ, ಡಿಕ್ಕೀಲಿ ಸಾಮಾನು ಅಂದ್ರೆ ಮುಂದಿನ ಚಕ್ರ ಹಗುರ ಆಗ್ತಾ ಹೋಗ್ತದೆ, ಎಳೀಬೇಕಾದ ಚಕ್ರನೇ ಹಗುರ ಆದ್ರೆ ಎಂತ ಮಾಡೋದು. ಟಾರ್ ರಸ್ತೇಲಿ ಇದು ಗೊತ್ತೇ ಆಗಲ್ಲ. ಆಗುಂಬೆಯ 14 ಹೇರ್‌ಪಿನ್ ತಿರುವೂ ಟಾರೇ, ಹೈಕ್ರಾಸ್ ಅಲ್ಲಿ ಆರಾಮಾಗಿ ಹತ್ತತದೆ, ಇಳಿಯುವಾಗಂತೂ ಹೈಬ್ರಿಡ್‌ನ (ಪೆಟ್ರೋಲ್ ಇಂಜಿನ್ ಜೊತೆ ಎಲೆಕ್ಟ್ರಿಕ್ ಮೋಟರೂ ಇರೋ ಮಾದರಿ) ಮೋಟರ್ ಜನರೇಟರ್ ಥರ ತಿರುಗಿ ಗಾಡಿನ ಹಿಡೀತಾ ಬ್ಯಾಟರಿ ತುಂಬಿಸ್ತದೆ, ಬ್ರೇಕಿನ ಮೇಲೆ ಹೊರೆ ಕಮ್ಮಿ. ತೊಂದರೆ ಬರೋದು ಘಾಟೀಲಲ್ಲ, ಮೇನ್ ರೋಡಿಂದ ನಿಮ್ಮನೆ ಅಂಗಳಕ್ಕೆ ಹೋಗೋ ಮಣ್ಣಿನ ಏರಲ್ಲಿ. ಜುಲೈ ತಿಂಗಳ ಕೆಮ್ಮಣ್ಣು, ಮೇಲೆ ಪಾಚಿ, ಅಲ್ಲಿ ಮುಂದಿನ ಚಕ್ರ ಗಿರಗಿರ ಅಂತ ತಿರುಗಿ ಅಲ್ಲೇ ಗುಂಡಿ ತೋಡ್ತದೆ.

ಹಾಗಂತ ಹಿಂದಿನ ಚಕ್ರ ಇದ್ರೆ ಎಲ್ಲಾ ಏರೂ ಹತ್ತತದೆ ಅಂತಲ್ಲ. ಅಪ್ಪನ ಹತ್ರ ಹಳೇ ವ್ಯಾನ್ ಇತ್ತು, ಹಿಂದಿನ ಚಕ್ರದ್ದು, ಇಂಜಿನ್ ಮಾತ್ರ ಡ್ರೈವರ್ ಸೀಟಿನ ಕೆಳಗೆ. ಅಡಿಕೆ ಚೀಲ ತುಂಬಿದ್ರೆ ನಮ್ಮ ತೋಟದ ಏರನ್ನ ಒಂದೇ ಉಸಿರಿಗೆ ಹತ್ತೋದು, ಮಂಡಿಗೆ ಹಾಕಿ ಖಾಲಿ ಬಂದ್ರೆ ಅರ್ಧಕ್ಕೇ ಹಿಂದಿನ ಚಕ್ರ ಸ್ಲಿಪ್ ಆಗಿ ಹಿಂಭಾಗ ಧರೆ ಕಡೆ ಸರಿಯೋದು. ಅಪ್ಪ ಅದಕ್ಕೆ ಮಳೆಗಾಲ ಪೂರ್ತಿ ಹಿಂದೆ ಎರಡು ಮರಳಿನ ಚೀಲ ಇಟ್ಟಿರ್ತಿದ್ರು. ಪಕ್ಕದ ಮನೆ ಅಣ್ಣ ಮುಂದಿನ ಚಕ್ರದ ಕಾರನ್ನ ಅದೇ ಏರಲ್ಲಿ ತಿರುಗಿಸಿ ರಿವರ್ಸಲ್ಲಿ ಹತ್ತಿಸ್ತಿದ್ದ, ರಿವರ್ಸಲ್ಲಿ ಇಂಜಿನ್ ಇರೋ ಕಡೆ ಕೆಳಕ್ಕಾಗ್ತದಲ್ಲ, ಭಾರ ಎಳೆಯೋ ಚಕ್ರದ ಮೇಲೇ ಬರ್ತದೆ. ಹುಡುಗರಾಗಿದ್ದಾಗ ನಮಗೆ ಅದು ಮ್ಯಾಜಿಕ್ ಥರ ಕಾಣ್ತಿತ್ತು, ಕಾರಿನ ಕೆಳಗೆ ಬಗ್ಗಿ ನೋಡೋ ಹುಚ್ಚು ನನಗೆ ಹತ್ತಿದ್ದೇ ಆವಾಗ.

ಇನ್ನೊಂದು ಜೋಪಾನ, ಹೆಸರು ನೋಡಿ ಫೋರ್ ವೀಲ್ ಅಂದ್ಕೋಬೇಡಿ. ಥಾರ್ ಅಂದ ಕೂಡ್ಲೇ ನಾಲ್ಕೂ ಚಕ್ರ ಎಳೀತದೆ ಅಂತ ನಮ್ಮ ಕಡೆ ಎಷ್ಟೋ ಜನ ನಂಬಿದಾರೆ, 2023ರ ಜನವರಿಯಿಂದ ಬರೀ ಹಿಂದಿನ ಚಕ್ರದ ಥಾರ್ ಕೂಡ ಮಾರಾಟದಲ್ಲಿದೆ, ಹೊರಗಿಂದ ನೋಡಿದ್ರೆ ಸಾಮಾನ್ಯದವರಿಗೆ ವ್ಯತ್ಯಾಸ ಗೊತ್ತಾಗಲ್ಲ. ಮಾರುತಿ ಜಿಮ್ನಿ ಮಾತ್ರ ಇಲ್ಲಿ ಎಲ್ಲಾ ವೇರಿಯಂಟಲ್ಲೂ ಲೋ ರೇಂಜ್ (ನಿಧಾನಕ್ಕೆ, ಹೆಚ್ಚು ಬಲದಲ್ಲಿ ಎಳೆಯೋ ಗೇರ್) ಸಮೇತ ಫೋರ್ ವೀಲ್ ಕೊಟ್ರು, ಆ ವಿಷಯದಲ್ಲಿ ಅದನ್ನ ಮೆಚ್ಚಬೇಕು, ಆದ್ರೆ ನಾಲ್ಕೇ ಸೀಟು, ನಿಮಗೆ ಆಗಲ್ಲ. ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರಾ ಅಂತ ಹಿಂದೆ ಹೊರದೇಶದಿಂದ ಬರ್ತಿದ್ದಿದ್ದು ಯಾವಾಗ್ಲೂ ನಾಲ್ಕೂ ಚಕ್ರ ಎಳೆಯೋ ಗಾಡಿ, 2022ರಲ್ಲಿ ಅದೇ ಹೆಸರಲ್ಲಿ ಬಂದಿದ್ದರಲ್ಲಿ ಹೆಚ್ಚಿನ ವೇರಿಯಂಟ್ ಫ್ರಂಟ್ ವೀಲ್, ಮತ್ತೆ ಸುಜುಕಿ ಬ್ಯಾಡ್ಜ್ ಇದ್ರೂ ಅದನ್ನ ಶುರುವಿಗೆ ಜೋಡಿಸಿದ್ದು ಬಿಡದಿಯ ಟೊಯೋಟಾ ಫ್ಯಾಕ್ಟರೀಲಿ. ಹೈಕ್ರಾಸ್‌ನೇ ಮಾರುತಿ ಇನ್ವಿಕ್ಟೋ ಅಂತ ಮಾರ್ತದೆ, ಬೇಕಿದ್ರೆ ಎರಡೂ ಶೋರೂಮಲ್ಲಿ ಕೇಳಿ ನೋಡಿ, ಎಲ್ಲಿ ಬೇಗ ಸಿಗ್ತದೋ ಅಲ್ಲಿ.

ಹೆಸರಿನ ಮಾತು ಬಂತು ಅಂತ ಹೇಳ್ತೀನಿ, ಕಂಪನಿಗಳು ಅದಕ್ಕೆ ಎಷ್ಟು ತಲೆ ಕೆಡಿಸ್ಕೊಳ್ತವೆ ಅಂದ್ರೆ ಮಹೀಂದ್ರದವರಿಗೆ ಸ್ಕಾರ್ಪಿಯೋ, ಬೊಲೆರೋ, ಝೈಲೋ ಅಂತ ಕೊನೆಗೆ "ಓ" ಬರ್ಲೇಬೇಕು, ಎಕ್ಸ್‌ಯುವಿ 500 ಬಂದಾಗ ಅದನ್ನೂ "ಫೈವ್ ಡಬಲ್ ಓ" ಅಂತಲೇ ಓದಿಸಿದ್ರು. ಟಾಟಾದವರು ಝಿಕಾ ಅಂತ ಹೆಸರಿಟ್ಟು 2016ರಲ್ಲಿ ಝಿಕಾ ವೈರಸ್ ಸುದ್ದಿ ಆದ್ಮೇಲೆ ಟಿಯಾಗೊ ಮಾಡಿದ್ರು. 2024ರ ಕೊನೇಲಿ ಬಿಇ 6ಇ ಅಂತ ಬಂದ ಮಹೀಂದ್ರದ ಎಲೆಕ್ಟ್ರಿಕ್ ಗಾಡಿಗೆ ಇಂಡಿಗೋ ವಿಮಾನದವರು 6ಇ ನಮ್ಮ ವಿಮಾನದ ಕೋಡು ಅಂತ ಕೋರ್ಟಿಗೆ ಹೋದ್ರು, ಕೊನೆಗೆ ಬಿಇ 6 ಅಂತಾಯ್ತು. ಆ ಗಾಡಿ ಬಗ್ಗೆ ನನಗೆ ಹೆಸರಿಗಿಂತ ಹೆಚ್ಚು ಖುಷಿ ಕೊಟ್ಟಿದ್ದು ಮೋಟರ್ ಹಿಂದೆ ಇದೆ, ತಿರುಗೋದು ಹಿಂದಿನ ಚಕ್ರ ಅನ್ನೋದು. ಶಾಫ್ಟೇ ಬೇಡ ಅಂದ್ಮೇಲೆ ಮೋಟರ್ ಎಲ್ಲಿ ಬೇಕಾದ್ರೂ ಕೂರಿಸ್ಬಹುದಲ್ಲ. 2001ರಲ್ಲಿ ಬಂದ ಬೆಂಗಳೂರಿನ ಎಲೆಕ್ಟ್ರಿಕ್ ಕಾರು ರೇವಾನೂ ಹಿಂದಿನ ಚಕ್ರದ್ದೇ, ಇದನ್ನ ನೆನಪಿಟ್ಕೊಂಡಿರೋರು ಕಮ್ಮಿ.

ನಿಮಗೆ ನಾನು ಹೇಳೋದು, ಅಂಗಳದವರೆಗೆ ಕಾಂಕ್ರೀಟೋ ಟಾರೋ ಆಗಿದ್ರೆ ಕಣ್ಮುಚ್ಚಿ ಹೈಕ್ರಾಸ್ ಹೈಬ್ರಿಡ್ ತಗೊಳ್ಳಿ, ಮೂರನೇ ಸಾಲಲ್ಲಿ ದೊಡ್ಡೋರು ಕೂತು ಉಡುಪಿಗೆ ಹೋಗ್ಬಹುದು, ಪೆಟ್ರೋಲ್ ಖರ್ಚೂ ಕೈ ಕಚ್ಚಲ್ಲ. ಮಣ್ಣಿನ ಏರು ಇದ್ದು, ಅಡಿಕೆ ಗೊಬ್ಬರ ಅಂತ ಗಾಡಿಗೆ ತುಂಬೋ ಅಭ್ಯಾಸನೂ ಇದ್ರೆ ಕ್ರಿಸ್ಟಾ ಡೀಸೆಲ್ ನೋಡಿ, ಇಲ್ಲಾಂದ್ರೆ ಆ ಏರಿನ ಎರಡು ಗಾಲಿ ಜಾಡಿಗೆ ಮಾತ್ರ ಕಾಂಕ್ರೀಟ್ ಪಟ್ಟಿ ಹಾಕ್ಸಿ, ಎರಡು ಗಾಡಿಗಳ ರೇಟಿನ ಲೆಕ್ಕ ಹಾಕುವಾಗ ಅದನ್ನೂ ಸೇರಿಸಿ. ಟೆಸ್ಟ್ ಡ್ರೈವ್‌ನ ಶಿವಮೊಗ್ಗದ ಬೈಪಾಸಲ್ಲಿ ಒಬ್ರೇ ಓಡಿಸಿ ಮುಗಿಸ್ಬೇಡಿ. ಮನೆಯವರೆಲ್ಲ ಕೂತು, ಮಳೆ ಬಂದ ಮಾರನೇ ದಿನ, ನಿಮ್ಮದೇ ಏರಲ್ಲಿ ಅರ್ಧಕ್ಕೆ ನಿಲ್ಸಿ ಮತ್ತೆ ಎಬ್ಬಿಸಿ ನೋಡ್ತೀವಿ ಅಂತ ಕೇಳಿ, ಕೊಡಲ್ಲ ಅಂದ್ರೆ ಪರಿಚಯದವರ ಗಾಡಿ ಹುಡುಕಿ. ಏರು ಎಷ್ಟು ಉದ್ದ, ಮಣ್ಣು ಎಂಥದ್ದು ಅಂತ ಬರೆದ್ರೆ ಟಯರ್ ಬಗ್ಗೆನೂ ಹೇಳ್ತೀನಿ.